ಒಂದು ರೇಸಿಂಗ್ ತಂಡದ ಇತಿಹಾಸವನ್ನು ಕನ್ನಡದಲ್ಲಿ ಬರೆಯುವುದು ಹೇಗೆ: ಪೆನ್ಸ್ಕಿ ತಂಡವನ್ನು ಮುಂದಿಟ್ಟುಕೊಂಡು

ಮೇ ತಿಂಗಳ ಕೊನೆಯ ವಾರ ಕಲಬುರಗಿಯ ಬಿಸಿಲು ಇಳಿದು, ಮಾಳಿಗೆಯ ಮೇಲೆ ನೀರು ಚಿಮುಕಿಸಿ ಹಾಸಿಗೆ ಹಾಸಿಕೊಳ್ಳುವ ಹೊತ್ತಿಗೆ, ಅಂದರೆ ನಮ್ಮ ಗಡಿಯಾರದಲ್ಲಿ ರಾತ್ರಿ ಹತ್ತೂಕಾಲರ ಸುಮಾರಿಗೆ, ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 'ಇಂಡಿಯಾನಾಪೊಲಿಸ್ 500' ಎಂಬ ಓಟಕ್ಕೆ 33 ಕಾರುಗಳು ಹಸಿರು ಬಾವುಟಕ್ಕಾಗಿ ಕಾದಿರುತ್ತವೆ. ಚಕ್ರಗಳಿಗೆ ಮಡ್‌ಗಾರ್ಡ್ ಇಲ್ಲದ (ಇದನ್ನೇ 'ಓಪನ್ ವೀಲ್' ಎನ್ನುವುದು), ಒಬ್ಬರೇ ಕೂರುವ ಆ ಕಾರುಗಳು ಎರಡೂವರೆ ಮೈಲಿಯ ಟ್ರ್ಯಾಕನ್ನು 200 ಸಲ ಸುತ್ತಿ, ಸುಮಾರು ಮೂರು ಗಂಟೆಯಲ್ಲಿ 500 ಮೈಲಿ ಓಡುತ್ತವೆ. ನಮ್ಮ ಲೆಕ್ಕದಲ್ಲಿ ಅದು 805 ಕಿಲೋಮೀಟರ್. ಕಲಬುರಗಿ–ಬೀದರ್ ರೈಲು ಮಾರ್ಗವನ್ನು ಏಳು ಸಲ ಕ್ರಮಿಸಿದರೂ ಇನ್ನಷ್ಟು ಉಳಿಯುವ ದೂರ. ನನ್ನ ಬಳಿ ಓದುವ ಮೆಕ್ಯಾನಿಕಲ್ ವಿಭಾಗದ ಹುಡುಗರು ಇದನ್ನು ಮೊಬೈಲ್‌ನಲ್ಲಿ ನೋಡಿ, ಮರುವಾರ ಕಾಲೇಜಿನ ವಾರ್ಷಿಕ ಸಂಚಿಕೆಗೆ ಯಾವುದಾದರೊಂದು ತಂಡದ ಇತಿಹಾಸ ಬರೆದು ತರುತ್ತಾರೆ. ಅವರು ತರುವುದು ಸಾಮಾನ್ಯವಾಗಿ ಗೆದ್ದವರ ಹೆಸರು ಮತ್ತು ಇಸವಿಗಳ ಪಟ್ಟಿ. ಪಟ್ಟಿ ತಪ್ಪಲ್ಲ, ಆದರೆ ಅದು ಇತಿಹಾಸವಲ್ಲ. ಅಂಥವರಿಗಾಗಿ, ಅಮೆರಿಕದ ಉದ್ಯಮಿ ರೋಜರ್ ಪೆನ್ಸ್ಕಿಯ ತಂಡವನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಕೆಲಸ ಹೇಗೆ ಸಾಗಬೇಕೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬದು ಹಾಕಿಕೊಳ್ಳಬೇಕು. ಪೆನ್ಸ್ಕಿ ತಂಡ 1966ರಲ್ಲಿ ಡೇಟೋನಾದ 24 ಗಂಟೆಗಳ ಓಟದಿಂದ ಆರಂಭವಾಯಿತು. ಆಮೇಲೆ ಸ್ಪೋರ್ಟ್ಸ್ ಕಾರ್, ಸ್ಟಾಕ್ ಕಾರ್, ಫಾರ್ಮುಲಾ ಒನ್ ಎಲ್ಲದರಲ್ಲೂ ಕೈಯಾಡಿಸಿತು. ಇವೆಲ್ಲವನ್ನೂ ಒಂದೇ ಬರಹದಲ್ಲಿ ತುಂಬಿಸಲು ಹೊರಟರೆ ಯಾವುದೂ ನಿಲ್ಲುವುದಿಲ್ಲ. ಆದ್ದರಿಂದ 'ಅಮೆರಿಕದ ಓಪನ್ ವೀಲ್ ರೇಸಿಂಗ್ ಮಾತ್ರ, 1969ರಿಂದ ಈಚೆಗೆ' ಎಂದು ಮೊದಲ ಪುಟದಲ್ಲೇ ಗೆರೆ ಎಳೆಯಿರಿ. 1969 ಏಕೆಂದರೆ, ಆ ವರ್ಷ ಮಾರ್ಕ್ ಡೊನೊಹ್ಯೂ ಚಾಲಕನಾಗಿ ತಂಡ ಮೊದಲ ಬಾರಿ ಇಂಡಿಯಾನಾಪೊಲಿಸ್‌ಗೆ ಕಾಲಿಟ್ಟು ಏಳನೆಯ ಸ್ಥಾನ ಪಡೆಯಿತು. ಮೂರು ವರ್ಷಗಳ ನಂತರ, 1972ರಲ್ಲಿ, ಅದೇ ಡೊನೊಹ್ಯೂ ತಂಡಕ್ಕೆ ಅಲ್ಲಿನ ಮೊದಲ ಗೆಲುವನ್ನು ತಂದ.

ಎರಡನೆಯ ಕೆಲಸ ನೋಟ್‌ಬುಕ್ಕಿನದು. ಉದ್ದನೆಯ ಹಾಳೆಯನ್ನು ಅಡ್ಡಲಾಗಿಟ್ಟು ವರ್ಷ, ಸರಣಿ ನಡೆಸಿದ ಸಂಸ್ಥೆ, ಚಾಸಿಸ್ (ಎಂಜಿನ್ ಬಿಟ್ಟು ಕಾರಿನ ಕಟ್ಟು), ಎಂಜಿನ್, ಚಾಲಕ, ಫಲಿತಾಂಶ ಎಂದು ಕಾಲಂ ಹಾಕಿ, ಕೊನೆಯಲ್ಲಿ 'ಆ ವರ್ಷದ ನಿಯಮ ಬದಲಾವಣೆ' ಎಂಬ ಅಗಲವಾದ ಕಾಲಂ ಬಿಡಿ. ಹೆಚ್ಚಿನವರು ಬಿಟ್ಟುಬಿಡುವುದು ಈ ಕೊನೆಯ ಕಾಲಂ ಅನ್ನೇ. ನನ್ನ ಅನುಭವದಲ್ಲಿ ಅರ್ಧ ಇತಿಹಾಸ ಅಲ್ಲಿಯೇ ಇರುತ್ತದೆ. ಚಾಸಿಸ್ ಮತ್ತು ತಂಡವನ್ನು ಬೇರೆ ಬೇರೆ ಕಾಲಂನಲ್ಲಿ ಇಡಬೇಕು ಎಂಬುದನ್ನು ನಾನು ಕಲಿತದ್ದು ಪೆಟ್ಟು ತಿಂದ ಮೇಲೆ. ಹಿಂದೊಮ್ಮೆ ನಾನೇ ಬರೆದ ಟಿಪ್ಪಣಿಯಲ್ಲಿ 1989ರ ಇಂಡಿಯಾನಾಪೊಲಿಸ್ ಗೆಲುವನ್ನು ಪೆನ್ಸ್ಕಿ ತಂಡದ ಖಾತೆಗೆ ಸೇರಿಸಿ, ಒಟ್ಟು ಲೆಕ್ಕ ಒಂದು ಹೆಚ್ಚಾಗಿ, ಎಲ್ಲಿ ತಪ್ಪಿದೆ ಎಂದು ಒಂದು ಸಂಜೆಯೆಲ್ಲ ಹುಡುಕಿದ್ದೆ. ಎಮರ್ಸನ್ ಫಿಟ್ಟಿಪಾಲ್ಡಿ ಆ ವರ್ಷ ಓಡಿಸಿದ್ದು ಪೆನ್ಸ್ಕಿ ಕಾರ್ಖಾನೆಯ ಪಿಸಿ-18 ಕಾರು ನಿಜ, ಆದರೆ ತಂಡ ಪ್ಯಾಟ್ರಿಕ್ ರೇಸಿಂಗ್‌ನದು. ಬೀಜ ಯಾರದಾದರೇನು, ತೊಗರಿ ಬೆಳೆದ ಹೊಲ ಯಾರದೋ ರಾಶಿ ಅವರದೇ. ಇದರ ತಿರುವುಮುರುವು ಕೂಡ ಉಂಟು: 1972ರಲ್ಲಿ ತಂಡ ಗೆದ್ದದ್ದು ಮೆಕ್ಲಾರೆನ್ ಕಾರಿನಲ್ಲಿ, 1984 ಮತ್ತು 1985ರಲ್ಲಿ ಮಾರ್ಚ್ ಕಂಪನಿಯ ಕಾರಿನಲ್ಲಿ. ಇಂಗ್ಲೆಂಡಿನ ಪೂಲ್ ಊರಿನ ತನ್ನದೇ ಕಾರ್ಖಾನೆಯಲ್ಲಿ ಕಟ್ಟಿದ ಕಾರಿನಿಂದ ಇಂಡಿಯಾನಾಪೊಲಿಸ್ ಗೆದ್ದದ್ದು 1979ರಲ್ಲಿ, ರಿಕ್ ಮಿಯರ್ಸ್ ಎಂಬ ಚಾಲಕನ ಕೈಯಲ್ಲಿ.

ಸರಣಿ ನಡೆಸಿದ ಸಂಸ್ಥೆಗಳ ಕಾಲಂ ಹೊಸಬರನ್ನು ಹೆಚ್ಚು ಕಾಡುತ್ತದೆ. ಆದರೆ ನಮ್ಮ ಕಡೆಯವರಿಗೆ ಇದು ಅಷ್ಟು ಕಷ್ಟವಾಗಬಾರದು, ಏಕೆಂದರೆ ನಾವು ಬಹಮನಿ ರಾಜ್ಯದ ಪಾಠ ಓದಿ ಬಂದವರು. 1347ರಲ್ಲಿ ಕಲಬುರಗಿಯಲ್ಲಿ ನೆಲೆಗೊಂಡ ರಾಜ್ಯದ ರಾಜಧಾನಿ ಮುಂದೆ ಬೀದರಿಗೆ ಹೋಯಿತು, ಅದರ ನಂತರ ರಾಜ್ಯವೇ ಐದು ಹೋಳಾಯಿತು. ಇಂಥ ಕಾಲದ ಒಂದು ಮನೆತನದ ಕಥೆ ಬರೆಯುವವನು, ಯಾವ ವರ್ಷ ಅವರು ಯಾರ ದರಬಾರಿನಲ್ಲಿದ್ದರು ಎಂದು ನೋಡಿಕೊಂಡೇ ಮುಂದೆ ಸಾಗಬೇಕಾಗುತ್ತದೆ. ಅಮೆರಿಕದಲ್ಲಿಯೂ 1956ರಿಂದ ಈ ಓಟಗಳನ್ನು ನಡೆಸುತ್ತಿದ್ದ ಯುಸ್ಯಾಕ್ ಸಂಸ್ಥೆಯೊಡನೆ ತಂಡಗಳ ಮಾಲೀಕರಿಗೆ ಮನಸ್ತಾಪ ಬಂದು, 1979ರಲ್ಲಿ ಅವರು ಕಾರ್ಟ್ ಎಂಬ ಬೇರೆ ಸರಣಿಯನ್ನೇ ಕಟ್ಟಿದರು. ಮುಂದೆ ನಿಂತವರಲ್ಲಿ ರೋಜರ್ ಪೆನ್ಸ್ಕಿ ಒಬ್ಬರು. ಇಂಡಿಯಾನಾಪೊಲಿಸ್ 500 ಮಾತ್ರ ಯುಸ್ಯಾಕ್ ಕೈಯಲ್ಲೇ ಉಳಿಯಿತು. ಆ ವರ್ಷ ಯುಸ್ಯಾಕ್, ಪೆನ್ಸ್ಕಿಯೂ ಸೇರಿ ಆರು ತಂಡಗಳ ಪ್ರವೇಶವನ್ನು ತಿರಸ್ಕರಿಸಿತು, ತಂಡಗಳು ನ್ಯಾಯಾಲಯದ ಮೆಟ್ಟಿಲೇರಿ ಆದೇಶ ತಂದವು. ಮೇಲೆ ಹೇಳಿದ ಮಿಯರ್ಸ್‌ನ ಗೆಲುವು ಬಂದದ್ದು ಹೀಗೆ ಕೋರ್ಟಿನ ಬಾಗಿಲಿನಿಂದ ಒಳಗೆ ಬಂದ ಓಟದಲ್ಲಿಯೇ. 1996ರಲ್ಲಿ ಎರಡನೆಯ ಒಡಕು: ಇಂಡಿಯಾನಾಪೊಲಿಸ್ ಟ್ರ್ಯಾಕಿನ ಅಧ್ಯಕ್ಷ ಟೋನಿ ಜಾರ್ಜ್ ತನ್ನದೇ ಸರಣಿ ಆರಂಭಿಸಿದಾಗ ಪೆನ್ಸ್ಕಿ ತಂಡ ಕಾರ್ಟ್‌ನಲ್ಲೇ ಉಳಿದು, 1996ರಿಂದ 2000ದವರೆಗೆ ಇಂಡಿಯಾನಾಪೊಲಿಸ್‌ಗೆ ಹೋಗಲಿಲ್ಲ. 2001ರಲ್ಲಿ ಹೋಗಿ ಎಲಿಯೊ ಕ್ಯಾಸ್ಟ್ರೊನೆವಿಸ್ ಮೂಲಕ ಗೆದ್ದುಕೊಂಡೇ ಬಂತು. ಮರುವರ್ಷ ಪೂರ್ತಿಯಾಗಿ ಆ ಕಡೆಗೆ ಸೇರಿತು. ಎರಡು ಸರಣಿಗಳು ಇಂಡಿಕಾರ್ ಹೆಸರಿನಲ್ಲಿ ಒಂದಾದದ್ದು 2008ರಲ್ಲಿ. ಈ ಭೂಪಟ ನಿಮ್ಮ ಹಾಳೆಯ ಮೇಲೆ ಇಲ್ಲದಿದ್ದರೆ, ಐದು ವರ್ಷಗಳ ಖಾಲಿ ಜಾಗವನ್ನು ಓದುಗ ಸೋಲೆಂದು ಭಾವಿಸುತ್ತಾನೆ.

ಹೆಸರುಗಳ ವಿಷಯದಲ್ಲಿಯೂ ಅಷ್ಟೇ ಎಚ್ಚರ ಬೇಕು. ಈಗ 'ಟೀಮ್ ಪೆನ್ಸ್ಕಿ' ಎನ್ನುವ ತಂಡ 2014ಕ್ಕೆ ಮುಂಚಿನ ದಾಖಲೆಗಳಲ್ಲಿ ಬಹುಪಾಲು 'ಪೆನ್ಸ್ಕಿ ರೇಸಿಂಗ್' ಎಂದೇ ಸಿಗುತ್ತದೆ. ನಡುವೆ ಪ್ರಾಯೋಜಕರ ಹೆಸರು ಅಂಟಿಸಿಕೊಂಡ ವರ್ಷಗಳೂ ಇವೆ. ನಮ್ಮ ಊರೂ ಅದೇ ವರ್ಷ ಅಧಿಕೃತ ಕಾಗದಗಳಲ್ಲಿ ಗುಲ್ಬರ್ಗಾದಿಂದ ಕಲಬುರಗಿ ಆಯಿತು. ಹಳೆಯ ರೈಲ್ವೆ ವೇಳಾಪಟ್ಟಿಯಲ್ಲಿ ಕಲಬುರಗಿ ಎಂದು ಹುಡುಕುವವನಿಗೆ ಏನು ಸಿಗುತ್ತದೋ, ಹಳೆಯ ಫಲಿತಾಂಶಗಳಲ್ಲಿ ಹೊಸ ಹೆಸರು ಹುಡುಕುವವನಿಗೂ ಅದೇ ಸಿಗುತ್ತದೆ.

ಪ್ರತಿಯೊಂದು ಸಂಗತಿಯ ಪಕ್ಕದಲ್ಲಿ, ಅದು ಯಾವ ದಿನಾಂಕದ ಬರಹದಿಂದ ಬಂತೆಂದು ಗುರುತು ಹಾಕಿಕೊಳ್ಳಿ. 1981ರ ಓಟ ಇದಕ್ಕೆ ಒಳ್ಳೆಯ ಪಾಠ. ಓಟ ಮುಗಿದ ಸಂಜೆ ಪೆನ್ಸ್ಕಿ ತಂಡದ ಬಾಬಿ ಅನ್ಸರ್ ಗೆದ್ದಿದ್ದ. ಮರುದಿನ ಬೆಳಿಗ್ಗೆ, ಯಾರನ್ನೂ ಹಿಂದಿಕ್ಕಬಾರದೆಂದು ಸೂಚಿಸುವ ಹಳದಿ ಬಾವುಟವಿದ್ದಾಗ ಪಿಟ್‌ನಿಂದ (ಇಂಧನ, ಟೈರಿಗಾಗಿ ನಿಲ್ಲುವ ಜಾಗ) ಹೊರಬರುತ್ತ ಬೇರೆ ಕಾರುಗಳನ್ನು ಹಿಂದಿಕ್ಕಿದನೆಂದು ಅವನಿಗೆ ಒಂದು ಸುತ್ತಿನ ದಂಡ ಹಾಕಿ, ಮಾರಿಯೊ ಆಂಡ್ರೆಟ್ಟಿಯನ್ನು ವಿಜೇತನೆಂದು ಸಾರಿದರು. ಅಕ್ಟೋಬರ್‌ನಲ್ಲಿ ಮೇಲ್ಮನವಿ ಸಮಿತಿ ಗೆಲುವನ್ನು ಮತ್ತೆ ಅನ್ಸರ್‌ಗೇ ಕೊಟ್ಟು, 40,000 ಡಾಲರ್ ದಂಡ ವಿಧಿಸಿತು. ಜೂನ್ ತಿಂಗಳ ಪತ್ರಿಕೆಯನ್ನು ನಂಬಿ ಬರೆದವನು ತಪ್ಪುತ್ತಾನೆ, ಆದರೆ ಆ ಪತ್ರಿಕೆ ಸುಳ್ಳು ಹೇಳಿರಲಿಲ್ಲ.

ಇಷ್ಟಾದ ಮೇಲೆ ಎಲ್ಲ ವರ್ಷಗಳಿಗೂ ಸಮಾನ ಜಾಗ ಕೊಡುವ ಆಸೆಯನ್ನು ಬಿಡಬೇಕು. ಒಂದು ವರ್ಷವನ್ನು ಆರಿಸಿ ಆಳಕ್ಕೆ ಅಗೆಯಿರಿ. ನಾನಾದರೆ 1994 ಆರಿಸುತ್ತೇನೆ. ಆ ಕಾಲದ ಇಂಡಿಯಾನಾಪೊಲಿಸ್ ನಿಯಮದ ಪ್ರಕಾರ, ಕ್ಯಾಮ್‌ಶಾಫ್ಟ್ ಸಿಲಿಂಡರ್ ಹೆಡ್ಡಿನ ಮೇಲಿರುವ ಟರ್ಬೋ ಎಂಜಿನ್ನುಗಳಿಗೆ 2.65 ಲೀಟರ್ ಮಿತಿಯೂ 45 ಇಂಚು ಪಾದರಸದ ಬೂಸ್ಟ್ ಒತ್ತಡವೂ (ಟರ್ಬೋ ಎಂಜಿನ್ನಿಗೆ ತುರುಕುವ ಗಾಳಿಯ ಒತ್ತಡ) ಇದ್ದರೆ, ಹಳೆಯ ಕ್ರಮದ ಪುಶ್‌ರಾಡ್ ಎಂಜಿನ್ನುಗಳಿಗೆ ಸುಮಾರು 3.43 ಲೀಟರ್ ಮತ್ತು 55 ಇಂಚು ಒತ್ತಡದ ರಿಯಾಯಿತಿ ಇತ್ತು. ಸಣ್ಣ ತಂಡಗಳು ಮಾರುಕಟ್ಟೆಯ ಕಾರಿನ ಎಂಜಿನ್ನನ್ನೇ ತಿದ್ದಿಕೊಂಡು ಕಡಿಮೆ ಖರ್ಚಿನಲ್ಲಿ ಓಡಲಿ ಎಂಬುದು ಈ ರಿಯಾಯಿತಿಯ ಮೂಲ ಉದ್ದೇಶ. ಆದರೆ ಮಾರುಕಟ್ಟೆಯ ಬಿಡಿಭಾಗಗಳೇ ಇರಬೇಕೆಂಬ ಷರತ್ತು ಕಾಲಕ್ರಮದಲ್ಲಿ ಸಡಿಲವಾಗಿತ್ತು. ಪೆನ್ಸ್ಕಿ ತಂಡ ಆ ಸಂದಿಯನ್ನು ಕಂಡು, ಇಂಗ್ಲೆಂಡಿನ ಇಲ್ಮೋರ್ ಕಂಪನಿಯಿಂದ ಓಟಕ್ಕೆಂದೇ ಹೊಚ್ಚಹೊಸ ಪುಶ್‌ರಾಡ್ ಎಂಜಿನ್ನನ್ನು ಗುಟ್ಟಾಗಿ ಮಾಡಿಸಿತು. ಅದರ ಮೇಲೆ ಮರ್ಸಿಡಿಸ್ ಬೆಂಝ್ ಹೆಸರು ಬಂತು. ಶಕ್ತಿ ಸುಮಾರು 1000 ಅಶ್ವಶಕ್ತಿ. ಚಳಿಗಾಲದಲ್ಲಿ ಪೆನ್ಸಿಲ್ವೇನಿಯಾದ ನಾಜರೆತ್ ಟ್ರ್ಯಾಕಿನ ಹಿಮವನ್ನು ಬಳಿದು ಹಾಕಿ ಪರೀಕ್ಷೆ ನಡೆಸಿದರು.

ಇಂಥ ಜಾಗದಲ್ಲಿ 'ತಂತ್ರಜ್ಞಾನದ ಅದ್ಭುತ' ಎಂದು ಬರೆದು ಮುಂದೆ ಹೋಗಬೇಡಿ. ಯಂತ್ರವನ್ನು ಓದುಗನ ಕೈಗೆ ಕೊಡಿ. ನಾನು ಈ ಭಾಗವನ್ನು ಬರೆಯುವ ಮೊದಲು ಹುಮನಾಬಾದ್ ರಸ್ತೆಯ ಒಂದು ಗ್ಯಾರೇಜಿಗೆ ಹುಡುಗರನ್ನು ಕರೆದೊಯ್ದಿದ್ದೆ. ಅಲ್ಲಿನ ಮೇಸ್ತ್ರಿ ಬಿಚ್ಚಿಟ್ಟಿದ್ದ ಹಳೆಯ ಬುಲೆಟ್ ಎಂಜಿನ್ನಿನಿಂದ ಪೆನ್ಸಿಲಿನಷ್ಟು ಉದ್ದದ ಎರಡು ಸರಳುಗಳನ್ನು ಎತ್ತಿ, ಎಣ್ಣೆ ಒರೆಸಿ, ಅಂಗೈ ಮೇಲಿಟ್ಟು ತೋರಿಸಿದ. "ಕ್ಯಾಮ್ ಕೆಳಗ ಇರ್ತದ್ರಿ ಸರ್, ವಾಲ್ವ್ ಮ್ಯಾಲ ಇರ್ತದ. ನಡುವ ಈ ರಾಡ್ ತಳ್ಳಬೇಕು. ಜೋರ್ ಓಡಿಸಿದ್ರ ಇದಕ್ಕ ದಮ್ ಹತ್ತತದ." ಎಂಜಿನ್ ವೇಗವಾಗಿ ತಿರುಗಿದಷ್ಟೂ ಈ ಸರಳಿನ ತೂಕವೇ ಅಡ್ಡಿಯಾಗುತ್ತದೆ, ಆದ್ದರಿಂದಲೇ ನಿಯಮ ಅದಕ್ಕೆ ರಿಯಾಯಿತಿ ಕೊಟ್ಟಿತ್ತು ಎಂಬುದು ಹುಡುಗರಿಗೆ ಅರ್ಧ ನಿಮಿಷದಲ್ಲಿ ತಿಳಿಯಿತು. ಬೂಸ್ಟ್ ಒತ್ತಡಕ್ಕೂ ಅಳತೆಗೋಲು ಕೊಡಿ: ಸಮುದ್ರ ಮಟ್ಟದಲ್ಲಿ ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 30 ಇಂಚು ಪಾದರಸ, 45 ಎಂದರೆ ಅದರ ಒಂದೂವರೆ ಪಟ್ಟು, 55 ಎಂದರೆ ಎರಡು ಪಟ್ಟಿಗೆ ಸ್ವಲ್ಪ ಕಡಿಮೆ.

ಆ ಓಟದಲ್ಲಿ ಆ ಹೊತ್ತಿಗೆ ಪೆನ್ಸ್ಕಿ ತಂಡದಲ್ಲಿದ್ದ ಫಿಟ್ಟಿಪಾಲ್ಡಿ 145 ಸುತ್ತು ಮುಂದಿದ್ದು, ತನ್ನದೇ ತಂಡದ ಆಲ್ ಅನ್ಸರ್ ಜೂನಿಯರ್‌ನನ್ನು ಒಂದು ಸುತ್ತು ಹಿಂದಿಕ್ಕುವ ಯತ್ನದಲ್ಲಿ, ಕೊನೆಯ ಇಪ್ಪತ್ತು ಸುತ್ತಿನೊಳಗೆ ಗೋಡೆಗೆ ಬಡಿದ; ಗೆದ್ದವನು ಜೂನಿಯರ್. ಆ ಋತುವಿನ 16 ಓಟಗಳಲ್ಲಿ 12 ತಂಡದ ಪಾಲಾದವು. ಓಟದ ಬೆನ್ನಿಗೇ ಪುಶ್‌ರಾಡ್ ಎಂಜಿನ್ನಿನ ಬೂಸ್ಟ್ ಒತ್ತಡವನ್ನು ಇಳಿಸಿದರು, ಆ ಎಂಜಿನ್ ಮತ್ತೆ ಅಲ್ಲಿ ಓಡಲಿಲ್ಲ. ಮರುವರ್ಷ, 1995ರಲ್ಲಿ, ಹಿಂದಿನ ವರ್ಷದ ವಿಜೇತ ಮತ್ತು ಎರಡು ಬಾರಿಯ ವಿಜೇತ ಫಿಟ್ಟಿಪಾಲ್ಡಿ ಇಬ್ಬರಿದ್ದೂ ತಂಡದ ಒಂದು ಕಾರೂ ಅರ್ಹತಾ ಸುತ್ತನ್ನು ದಾಟಲಿಲ್ಲ. ಬೇರೆ ತಂಡದಿಂದ ಕಾರು ಕೇಳಿ ತಂದರೂ ಸಾಗಲಿಲ್ಲ. ಈ ಎರಡು ವರ್ಷಗಳನ್ನು ಒಂದೇ ಪ್ಯಾರಾದಲ್ಲಿ ಅಕ್ಕಪಕ್ಕ ಇಡಿ, ವಿಶೇಷಣ ಹುಡುಕುವ ಶ್ರಮ ಉಳಿಯುತ್ತದೆ.

ರಂಜನೀಯ ಕಥೆಗಳು ಬೇಡವೆಂದಲ್ಲ. 1987ರಲ್ಲಿ ಡ್ಯಾನಿ ಆಂಗೈಸ್ ಗಾಯಗೊಂಡಾಗ, ಕೈಯಲ್ಲಿ ಕಾರಿಲ್ಲದೆ ನಿಂತಿದ್ದ 47 ವರ್ಷದ ಆಲ್ ಅನ್ಸರ್‌ನನ್ನು ತಂಡ ಕರೆಯಿತು. ಪೆನ್ಸಿಲ್ವೇನಿಯಾದ ರೆಡಿಂಗ್ ಊರಿನ ಹೋಟೆಲಿನಲ್ಲಿ ಪ್ರದರ್ಶನಕ್ಕಿಟ್ಟಿದ್ದ ಹಿಂದಿನ ವರ್ಷದ ಮಾರ್ಚ್ ಕಾರನ್ನು ಇಳಿಸಿ ತಂದರು. ಅವನು 20ನೆಯ ಸ್ಥಾನದಿಂದ ಹೊರಟು ಗೆದ್ದ. ಸಿನಿಮಾದಂತಿದ್ದರೂ ನಡೆದ ಸಂಗತಿ. ಆದರೆ ಅದರ ಜೊತೆಗೇ, ಅಂದು 200ರಲ್ಲಿ 170 ಸುತ್ತು ಮುಂದಿದ್ದವನು ಮಾರಿಯೊ ಆಂಡ್ರೆಟ್ಟಿ ಎಂಬುದನ್ನೂ ಹೇಳದಿದ್ದರೆ ಕಥೆ ಭಜನೆಯಾಗುತ್ತದೆ.

ಅಭಿಮಾನಿಗಳು ಬರೆಯಲು ಹಿಂಜರಿಯುವ ಪುಟಗಳು ಬೇರೆ. ಡೊನೊಹ್ಯೂ 1975ರ ಆಗಸ್ಟ್‌ನಲ್ಲಿ ಆಸ್ಟ್ರಿಯಾದ ಟ್ರ್ಯಾಕಿನಲ್ಲಿ ಅಭ್ಯಾಸದ ವೇಳೆ ಅಪಘಾತಕ್ಕೀಡಾಗಿ ಎರಡು ದಿನಗಳಲ್ಲಿ ತೀರಿಕೊಂಡ. ಒಂದು ವರ್ಷದ ನಂತರ ಅದೇ ಟ್ರ್ಯಾಕಿನಲ್ಲಿ ಜಾನ್ ವಾಟ್ಸನ್ ತಂಡಕ್ಕೆ ಅದರ ಏಕೈಕ ಫಾರ್ಮುಲಾ ಒನ್ ಗೆಲುವು ತಂದ. ಇದು ನಾವು ಹಾಕಿದ ಬದುವಿನ ಹೊರಗಿನ ಮಾತಾದರೂ, ತಂಡದ ಮೊದಲ ನಾಯಕನ ಸಾವನ್ನು ಬಿಟ್ಟು ಬರೆಯುವುದು ಸಲ್ಲದು. ಈಚಿನದಕ್ಕೆ ಬಂದರೆ, 2024ರ ಮೊದಲ ಓಟದಲ್ಲಿ, ಓವರ್‌ಟೇಕ್ ಮಾಡಲು ಒತ್ತುವ ಹೆಚ್ಚುವರಿ ಶಕ್ತಿಯ ಬಟನ್ ತಂಡದ ಕಾರುಗಳಲ್ಲಿ ನಿಷಿದ್ಧ ಹೊತ್ತಿನಲ್ಲಿಯೂ ಕೆಲಸ ಮಾಡುತ್ತಿದ್ದುದು ಬಯಲಾಗಿ, ಗೆದ್ದಿದ್ದ ಜೋಸೆಫ್ ನ್ಯೂಗಾರ್ಡನ್ ಮತ್ತು ಮೂರನೆಯವನಾಗಿದ್ದ ಸ್ಕಾಟ್ ಮೆಕ್ಲಾಕ್ಲಿನ್ ಅನರ್ಹರಾದರು. ಅದೇ ನ್ಯೂಗಾರ್ಡನ್ ಆ ಮೇ ತಿಂಗಳಲ್ಲಿ ಇಂಡಿಯಾನಾಪೊಲಿಸ್ ಗೆದ್ದು, ಅಲ್ಲಿ ತಂಡದ ಗೆಲುವಿನ ಸಂಖ್ಯೆಯನ್ನು 20ಕ್ಕೆ ಒಯ್ದ. 2025ರ ಅರ್ಹತಾ ಸುತ್ತಿನಲ್ಲಿ ಎರಡು ಕಾರುಗಳ ಹಿಂಭಾಗದ ಸುರಕ್ಷತಾ ಭಾಗವನ್ನು ನಿಯಮ ಮೀರಿ ತಿದ್ದಿದ್ದು ಸಿಕ್ಕಿಬಿದ್ದು, ತಂಡದ ಮೂವರು ಹಿರಿಯ ಅಧಿಕಾರಿಗಳು ಕೆಲಸ ಕಳೆದುಕೊಂಡರು. 2020ರ ಜನವರಿಯಿಂದ ಆ ಟ್ರ್ಯಾಕ್ ಮತ್ತು ಇಂಡಿಕಾರ್ ಸರಣಿ ಎರಡಕ್ಕೂ ಪೆನ್ಸ್ಕಿಯ ಕಂಪನಿಯೇ ಒಡೆಯನಾಗಿರುವುದರಿಂದ, ಹೊಲದ ಯಜಮಾನನೇ ಅಳೆಯುವವನೂ ಆದಾಗ ಏಳುವ ಪ್ರಶ್ನೆಯನ್ನು ನಿಮ್ಮ ಬರಹ ಎದುರಿಸಲೇಬೇಕು.

2012ರಿಂದ ಎಲ್ಲ ತಂಡಗಳೂ ಡಲ್ಲಾರಾ ಕಂಪನಿಯ ಒಂದೇ ಬಗೆಯ ಚಾಸಿಸ್ ಬಳಸುತ್ತಿರುವುದರಿಂದ ಅಲ್ಲಿಂದಾಚೆಗೆ ನಿಮ್ಮ ಚಾಸಿಸ್ ಕಾಲಂ ಕೆಲಸಕ್ಕೆ ಬರುವುದಿಲ್ಲ. ಅದರ ಜಾಗದಲ್ಲಿ ಪಿಟ್ ನಿಲುಗಡೆ, ಇಂಧನದ ಲೆಕ್ಕ, ಡ್ಯಾಂಪರ್ (ಕುಲುಕು ತಡೆಯುವ ಭಾಗ) ಹೊಂದಾಣಿಕೆ ಇವುಗಳನ್ನು ಬರೆದುಕೊಳ್ಳಿ.

ಭಾಷೆಯ ಬಗ್ಗೆ ಎರಡು ಮಾತು. ಟರ್ಬೋ, ಪಿಟ್, ಚಾಸಿಸ್ ಇವುಗಳನ್ನು ಹಾಗೆಯೇ ಬಿಡಿ. ಗ್ಯಾರೇಜಿನಲ್ಲಿ ಯಾರೂ ಅವಕ್ಕೆ ಸಂಸ್ಕೃತದ ಅಂಗಿ ತೊಡಿಸುವುದಿಲ್ಲ. ಮೈಲಿಗಳನ್ನು ಕಿಲೋಮೀಟರಿಗೆ ಬದಲಿಸಿ, ಆದರೆ ಅಳತೆಯೇ ಸುದ್ದಿಯಾದ ಕಡೆ ಮೈಲಿಯನ್ನೂ ಇಡಿ: 1977ರ ಅರ್ಹತಾ ಸುತ್ತಿನಲ್ಲಿ ತಂಡದ ಟಾಮ್ ಸ್ನೀವಾ ಅಲ್ಲಿ ಗಂಟೆಗೆ 200 ಮೈಲಿ ದಾಟಿದ ಮೊದಲಿಗನಾದ ಎಂಬುದನ್ನು ಬರೀ 322 ಕಿಲೋಮೀಟರ್ ಎಂದರೆ ಸ್ವಾರಸ್ಯ ಹೋಗುತ್ತದೆ. ಮೂವರು ಅನ್ಸರ್‌ಗಳ ಗೊಂದಲವನ್ನು ಬಿಡಿಸಲು ಕನ್ನಡವೇ ನೆರವಿಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅಣ್ಣನೋ ತಮ್ಮನೋ ತಿಳಿಯದೆ ಪರದಾಡಬೇಕು. ನಾವು ಅಣ್ಣ ಬಾಬಿ 1981ರಲ್ಲಿ, ತಮ್ಮ ಆಲ್ 1987ರಲ್ಲಿ, ತಮ್ಮನ ಮಗ ಜೂನಿಯರ್ 1994ರಲ್ಲಿ ಈ ತಂಡಕ್ಕಾಗಿ ಗೆದ್ದರು ಎಂದರೆ ಮುಗಿಯಿತು.

ಕೊನೆಯ ಪುಟದ ಅಡಿಯಲ್ಲಿ, ಲೆಕ್ಕವನ್ನು ಯಾವ ಓಟದವರೆಗೆ ಹಿಡಿದಿದ್ದೀರಿ ಎಂಬುದನ್ನು ದಿನಾಂಕ ಸಮೇತ ಬರೆಯಿರಿ. ತಂಡ ಇನ್ನೂ ಓಡುತ್ತಿದೆ. ಮುಂದಿನ ಮೇ ತಿಂಗಳಲ್ಲಿ ನಿಮ್ಮ ಕಿರಿಯರು ಯಾರಾದರೂ ಸಂಚಿಕೆ ತೆರೆದರೆ, ಎಲ್ಲಿಂದ ಮುಂದುವರಿಸಬೇಕೆಂಬುದು ಅವರಿಗೆ ಗೊತ್ತಿರಬೇಕು.