ಹಲ್ಲು ಉದುರುವ ಕನಸಿನ ಲೆಕ್ಕ

ಮೊದಲು ಮುಂದಿನ ಒಂದು ಹಲ್ಲು ಅಲುಗಾಡುತ್ತದೆ. ನಾಲಿಗೆ ತಾಗಿದರೆ ಸಾಕು, ಕಳಚಿ ಅಂಗೈಗೆ ಬೀಳುತ್ತದೆ. ಆಮೇಲೆ ಅದರ ಪಕ್ಕದ್ದು, ಅದರ ಪಕ್ಕದ್ದು. ಬಾಯಿ ತುಂಬ ಹರಳು ತುಂಬಿಕೊಂಡ ಹಾಗೆ. ನೋವಿಲ್ಲ, ರಕ್ತವಿಲ್ಲ. ಚಿಂತೆ ಒಂದೇ: ಯಾರಾದರೂ ನೋಡುವ ಮೊದಲು ಇವನ್ನೆಲ್ಲ ಎಲ್ಲಿ ಬಚ್ಚಿಡಲಿ?

ಈ ಕನಸು ನನಗೆ ವರ್ಷಗಳಿಂದ ಬೀಳುತ್ತಿತ್ತು. ಮನೆಯ ಹಿರಿಯರೊಬ್ಬರಿಗೆ ಹೇಳಿದೆ. "ಹತ್ತಿರದವರಿಗೆ ಯಾರಿಗೋ ಕೇಡು" ಎಂದರು. ಮನಶ್ಶಾಸ್ತ್ರ ಓದಿದ ಗೆಳತಿಗೆ ಹೇಳಿದೆ. "ಬದುಕು ಕೈಜಾರಿ ಹೋಗುತ್ತಿದೆ ಅನ್ನೋ ಭಯ ನಿನಗೆ" ಎಂದಳು. ಇಬ್ಬರ ದನಿಯಲ್ಲೂ ಒಂದಿಷ್ಟೂ ಅಳುಕಿರಲಿಲ್ಲ. ಇನ್ನೂ ವಿಚಿತ್ರ ಅಂದರೆ, ಇಬ್ಬರ ಮಾತೂ ಕೇಳುವಾಗ ನನಗೆ ಹೌದು ಹೌದು ಅನ್ನಿಸಿತು. ಎರಡು ಬೇರೆ ಬೇರೆ ಉತ್ತರಕ್ಕೆ ಒಂದೇ ಸಮ ತಲೆ ಆಡಿಸಿದೆ ಅಂದಮೇಲೆ ನನ್ನ ತಲೆಯ ಮೇಲೇ ಅನುಮಾನ ಬಂತು. ಸರಿ, ಸುಮ್ನೆ ಊಹೆ ಬೇಡ, ಲೆಕ್ಕ ಇಡೋಣ ಎಂದು ಒಂದು ನೋಟ್‌ಬುಕ್ ತೆಗೆದೆ. ಹದಿನಾಲ್ಕು ತಿಂಗಳು ಬರೆದೆ.

ಮೊದಲ ವಾರ ಸಿಕ್ಕಿದ್ದು ಎರಡೇ ಸಾಲು. ಅಲಾರಂ ಹೊಡೆದ ಕೂಡಲೇ ಕೈ ಚಾಚಿ ಅದನ್ನು ನಿಲ್ಲಿಸಿ, ಎದ್ದು ಕೂತು, ಪೆನ್ನು ಹುಡುಕುತ್ತಿದ್ದೆ. ಅಷ್ಟರಲ್ಲಿ ಕನಸು ಮಾಯ. ಇದು ಮರೆವಿನ ರೋಗವೇನಲ್ಲ. ಕನಸು ದಟ್ಟವಾಗಿ ಬೀಳುವ ಹೊತ್ತಿನಲ್ಲಿ ಮಿದುಳಿನಲ್ಲಿ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ತೀರಾ ಕಡಿಮೆ ಇರುತ್ತದೆ. ನೆನಪು ಗಟ್ಟಿಯಾಗಿ ಕೂರಲು ಅದು ಬೇಕು. ಅದಿಲ್ಲದೆ ಕಂಡದ್ದು ನೀರಿನ ಮೇಲೆ ಬರೆದ ಹಾಗೆ.

ನನಗೆ ಕೆಲಸಕ್ಕೆ ಬಂದ ದಾರಿ ಇದು. ಎಚ್ಚರವಾದಾಗ ಅಲ್ಲಾಡಬಾರದು. ಕಣ್ಣೂ ತೆರೆಯಬಾರದು. "ಏನು ಕನಸು ಬಿತ್ತು" ಎಂದು ಕೇಳಿಕೊಂಡರೆ ಏನೂ ಬರುವುದಿಲ್ಲ. "ಈಗ ತಾನೇ ಎಲ್ಲಿದ್ದೆ" ಎಂದು ಕೇಳಿಕೊಂಡರೆ ಕೊನೆಯ ದೃಶ್ಯ ಸಿಗುತ್ತದೆ. ಅದರ ಬಾಲ ಹಿಡಿದು ಹಿಂದಕ್ಕೆ ಎಳೆಯಬೇಕು. ಏನೂ ಸಿಗದಿದ್ದರೆ ಮೆಲ್ಲಗೆ ಇನ್ನೊಂದು ಮಗ್ಗುಲಿಗೆ ಹೊರಳಿ ಕಾಯುತ್ತಿದ್ದೆ. ಯಾಕೋ ಗೊತ್ತಿಲ್ಲ, ಎಷ್ಟೋ ಸಲ ಹೊರಳಿದ ಕೂಡಲೇ ಕನಸು ನೆನಪಾಗುತ್ತಿತ್ತು. ಸಿಕ್ಕಿದ ಮೇಲೆ ಮೊದಲು ಮೂರು ಪದ ಬರೆಯಬೇಕು, ಆಮೇಲೆ ವಾಕ್ಯ. "ಮೆಟ್ಟಿಲು, ಒದ್ದೆ ಶೂ, ಮೇಷ್ಟ್ರು" ಅಂತ ಇದ್ದರೆ ಸಂಜೆ ಕೂಡ ಇಡೀ ಕನಸು ಬಿಚ್ಚಿಕೊಳ್ಳುತ್ತದೆ.

ಅಕ್ಷರ ಮಾತ್ರ ಓದುವ ಹಾಗಿರಲಿ. ಒಟ್ಟೊ ಲೋವಿ ಎಂಬ ವಿಜ್ಞಾನಿಯ ಕಥೆ ಇದಕ್ಕೆ ಸರಿಯಾಗಿದೆ. ಸುಮಾರು ನೂರು ವರ್ಷದ ಹಿಂದೆ ಒಂದು ರಾತ್ರಿ ಅವರಿಗೆ ಕನಸಿನಲ್ಲಿ ಒಂದು ಪ್ರಯೋಗ ಹೊಳೆಯಿತು. ಎದ್ದು ಚೀಟಿಯಲ್ಲಿ ಗೀಚಿ ಮಲಗಿದರು. ಬೆಳಿಗ್ಗೆ ನೋಡಿದರೆ ತಮ್ಮ ಅಕ್ಷರ ತಮಗೇ ಓದಲು ಬರಲಿಲ್ಲ! ಪುಣ್ಯಕ್ಕೆ ಮರುದಿನ ರಾತ್ರಿ ಅದೇ ಹೊಳಹು ಮತ್ತೆ ಬಂತು. ಈ ಸಲ ಚೀಟಿಯ ಸಹವಾಸವೇ ಬೇಡ ಎಂದು ನೇರ ಪ್ರಯೋಗಾಲಯಕ್ಕೆ ಹೋದರು. ಕಪ್ಪೆಯ ಹೃದಯದ ಮೇಲೆ ಮಾಡಿದ ಆ ಪ್ರಯೋಗ ನರಗಳು ರಾಸಾಯನಿಕದ ಮೂಲಕ ಸಂದೇಶ ಕಳಿಸುತ್ತವೆ ಎಂದು ತೋರಿಸಿತು. 1936ರಲ್ಲಿ ನೊಬೆಲ್ ಬಂತು. ನನ್ನ ನೋಟ್‌ಬುಕ್ಕಿನಲ್ಲಿ ಓದಲಾಗದ ಪುಟಗಳು ಹನ್ನೊಂದಿವೆ. ಅವುಗಳಲ್ಲಿ ನೊಬೆಲ್ ಇರಲಿಕ್ಕಿಲ್ಲ.

ಯಾವ ಹೊತ್ತಿಗೆ ಏಳಬೇಕು ಎನ್ನುವುದೂ ಮುಖ್ಯ. 1953ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಒಂದು ಸಂಗತಿ ಪ್ರಕಟಿಸಿದರು. ನಿದ್ದೆಯ ಕೆಲವು ಹೊತ್ತಿನಲ್ಲಿ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣು ಸರಸರ ಓಡಾಡುತ್ತದೆ, ಆಗ ಎಬ್ಬಿಸಿದರೆ ಜನ ಕನಸು ಹೇಳುತ್ತಾರೆ ಎಂದು. ಇದೇ ರೆಮ್ ನಿದ್ದೆ. ಸುಮಾರು 90 ನಿಮಿಷಕ್ಕೊಮ್ಮೆ ಬರುತ್ತದೆ. ರಾತ್ರಿಯ ಮೊದಲ ಸುತ್ತಿನಲ್ಲಿ ಹತ್ತು ನಿಮಿಷ ಇದ್ದರೆ ಹೆಚ್ಚು, ಬೆಳಗಿನ ಜಾವಕ್ಕೆ ಅರ್ಧ ಗಂಟೆ ದಾಟಬಹುದು. ಬೇರೆ ನಿದ್ದೆಯಲ್ಲೂ ಕನಸು ಬೀಳುತ್ತದೆ, ಆದರೆ ಅದು ಸಾಮಾನ್ಯವಾಗಿ ಸಪ್ಪೆ. ಇದನ್ನು ಓದಿದ ಹುರುಪಿನಲ್ಲಿ ನಡುರಾತ್ರಿಗೂ ಅಲಾರಂ ಇಟ್ಟು ನೋಡಿದೆ. ಕನಸು ಸಿಕ್ಕಿತು, ಹಗಲು ಹಾಳಾಯಿತು. ಮೂರೇ ದಿನಕ್ಕೆ ಬಿಟ್ಟೆ. ರಜೆಯ ದಿನ ಬೆಳಿಗ್ಗೆ ಒಂದು ಗಂಟೆ ಜಾಸ್ತಿ ಮಲಗುವುದೇ ಎಲ್ಲಕ್ಕಿಂತ ಒಳ್ಳೆಯ ಬಲೆ.

ನೋಟ್‌ಬುಕ್ಕಿನಲ್ಲಿ ಐದು ಕಾಲಂ ಹಾಕಿದ್ದೆ. ತಾರೀಕು, ಕನಸು, ಕನಸಿನಲ್ಲಿ ಅನ್ನಿಸಿದ್ದು, ಎದ್ದಾಗ ಮೈ ಹೇಗಿತ್ತು, ಹಿಂದಿನ ದಿನ ಏನಾಗಿತ್ತು. ಈ ಕೊನೆಯದನ್ನು ಮಾತ್ರ ರಾತ್ರಿ ಮಲಗುವ ಮೊದಲೇ ಬರೆದು ಮುಗಿಸುತ್ತಿದ್ದೆ. ಯಾಕೆಂದರೆ ಕನಸು ಕಂಡ ಮೇಲೆ ದಿನವನ್ನು ನೆನೆದರೆ ಕನಸಿಗೆ ಹೊಂದುವ ಘಟನೆಗಳೇ ಎದ್ದು ಬರುತ್ತವೆ. ಉಳಿದವು ಹಿಂದೆ ಸರಿಯುತ್ತವೆ. ಮೋಸ ಮಾಡುತ್ತಿದ್ದೇವೆ ಎಂದು ಗೊತ್ತೂ ಆಗುವುದಿಲ್ಲ.

ಎಷ್ಟು ಮೋಸ ಎನ್ನುವುದನ್ನು ಆರನೇ ತಿಂಗಳಲ್ಲಿ ಪರೀಕ್ಷೆ ಮಾಡಿದೆ. ಹಳೆಯ ಹತ್ತು ಕನಸುಗಳನ್ನು ಬೇರೆ ಬೇರೆ ಚೀಟಿಗೆ ಬರೆದೆ. ಆಯಾ ಹಿಂದಿನ ದಿನದ ಟಿಪ್ಪಣಿಗಳನ್ನು ಇನ್ನೊಂದು ಹತ್ತು ಚೀಟಿಗೆ. ತಾರೀಕು ಇಲ್ಲ. ಎರಡು ವಾರ ಬಿಟ್ಟು, ಚೀಟಿ ಕಲಸಿ, ಯಾವ ಕನಸು ಯಾವ ದಿನದ್ದು ಎಂದು ಜೋಡಿಸಲು ಕೂತೆ. ಪ್ರತಿ ಜೋಡಿಗೂ ನನ್ನ ಬಳಿ ಕಾರಣ ಇತ್ತು, ಚೆಂದದ ಕಾರಣ. ಹತ್ತರಲ್ಲಿ ಎರಡು ಸರಿಯಾದವು. ಕಣ್ಣು ಮುಚ್ಚಿಕೊಂಡು ಜೋಡಿಸಿದರೂ ಸರಾಸರಿ ಒಂದು ಸರಿ ಬರುತ್ತದೆ ಎನ್ನುತ್ತದೆ ಗಣಿತ. ಅಂದರೆ ನನ್ನ ಕನಸು, ನನ್ನ ದಿನ, ನನ್ನ ಬದುಕು ಎಲ್ಲ ಗೊತ್ತಿದ್ದೂ ನಾನು ಕುರುಡು ಅದೃಷ್ಟಕ್ಕಿಂತ ಒಂದು ಚೀಟಿ ಮುಂದೆ.

ಆ ದಿನ ಸ್ವಲ್ಪ ಮುಖಭಂಗವೇ ಆಯಿತು. ಕನಸೆಂದರೆ ವೇಷ ಹಾಕಿದ ಆಸೆ, ಬಿಡಿಸಿದರೆ ಅರ್ಥ ಸಿಗುತ್ತದೆ ಎಂದವರು ಫ್ರಾಯ್ಡ್. ನಿದ್ದೆಯ ಸಂಶೋಧಕರಾದ ಅಲೆನ್ ಹಾಬ್ಸನ್ ಮತ್ತು ರಾಬರ್ಟ್ ಮೆಕ್‌ಕಾರ್ಲಿ 1977ರಲ್ಲಿ ಬೇರೆಯೇ ಹೇಳಿದರು. ಮಿದುಳಿನ ಬುಡದಿಂದ ಗೊತ್ತುಗುರಿ ಇಲ್ಲದ ಸಂಕೇತಗಳು ಏಳುತ್ತವೆ, ಮುಂಭಾಗ ಅವನ್ನು ಹೇಗೋ ಹೊಲಿದು ಕಥೆ ಮಾಡುತ್ತದೆ ಎಂದು. ಆಮೇಲೆ ಮಾರ್ಕ್ ಸೋಮ್ಸ್ ಎಂಬ ಮಿದುಳು ವಿಜ್ಞಾನಿ, ರೆಮ್ ನಿದ್ದೆ ಸರಿಯಾಗಿದ್ದರೂ ಮಿದುಳಿನ ಬೇರೆ ಭಾಗಕ್ಕೆ ಪೆಟ್ಟಾಗಿ ಕನಸೇ ನಿಂತುಹೋದ ರೋಗಿಗಳನ್ನು ತೋರಿಸಿದರು. ಹಾಗಾಗಿ ಬುಡದ್ದೇ ಎಲ್ಲ ಕೆಲಸ ಎನ್ನುವ ಹಾಗೂ ಇಲ್ಲ. ಈ ಜಗಳ ಮುಗಿದಿಲ್ಲ. ಆದರೆ ಹೊಲಿಗೆ ರಾತ್ರಿಗೆ ನಿಲ್ಲುವುದಿಲ್ಲ ಎನ್ನುವುದು ನನಗೆ ಚೀಟಿಗಳ ಮುಂದೆ ಕೂತಾಗ ಗೊತ್ತಾಯಿತು. ಬೆಳಿಗ್ಗೆ ಎದ್ದು ಅರ್ಥ ಹುಡುಕುವಾಗಲೂ ಅದೇ ದರ್ಜಿ ಅದೇ ಸೂಜಿ ಹಿಡಿದು ಕೂತಿರುತ್ತಾನೆ.

ಅಲ್ಲಿಂದ ಮುಂದೆ ಬಿಡಿ ಕನಸಿನ ಅರ್ಥ ಕೇಳುವುದನ್ನು ಬಿಟ್ಟು, ಎಣಿಸುವುದನ್ನು ಶುರು ಮಾಡಿದೆ. ಒಟ್ಟು 287 ಕನಸು. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಭಯ, ಆತುರ, ಇಲ್ಲ ನಾಚಿಕೆ. ಖುಷಿ ಎಂದು ಬರೆದದ್ದು ಮೂವತ್ತೂ ಇಲ್ಲ. ಮೊದಲು ಗಾಬರಿಯಾದೆ. ಆದರೆ ಸಾವಿರಾರು ಜನರ ಕನಸು ಕೂಡಿಹಾಕಿ ಎಣಿಸಿದ ಕ್ಯಾಲ್ವಿನ್ ಹಾಲ್ ಅವರ ಲೆಕ್ಕದಲ್ಲೂ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ. ನಾನೊಬ್ಬಳೇ ಅಲ್ಲ. ದಿನವಿಡೀ ಕೈಯಲ್ಲಿರುವ ಫೋನು ಕನಸಿನಲ್ಲಿ ಬಂದದ್ದು ಐದೇ ಸಲ, ಐದೂ ಸಲ ಕೆಟ್ಟಿತ್ತು.

ಹಲ್ಲಿನ ಕನಸು ಹತ್ತೊಂಬತ್ತು ಸಲ ಬಿದ್ದಿತ್ತು. ಹಿಂದಿನ ದಿನದ ಕಾಲಂ ನೋಡಿದೆ. ಜಗಳ, ಹಬ್ಬ, ರಜೆ, ಕೆಲಸದ ಒತ್ತಡ, ಏನೂ ಇಲ್ಲದ ದಿನ, ಎಲ್ಲ ಬೆರೆತಿತ್ತು. ಒಂದು ಎಳೆಯೂ ಸಿಗಲಿಲ್ಲ. ಬಂಧುಗಳೆಲ್ಲ ಆರಾಮಾಗಿದ್ದರು. ಆಮೇಲೆ ನಾಲ್ಕನೇ ಕಾಲಂ ಕಡೆ ಕಣ್ಣು ಹೋಯಿತು, ಎದ್ದಾಗ ಮೈ ಹೇಗಿತ್ತು ಎಂದು ನಾನು ಅಲ್ಲಿಯವರೆಗೆ ಕಾಟಾಚಾರಕ್ಕೆ ತುಂಬುತ್ತಿದ್ದ ಕಾಲಂ. "ದವಡೆ ಬಿಗಿ." "ಕೆನ್ನೆ ನೋವು." "ಬಾಯಿ ತೆರೆಯಲು ಕಷ್ಟ." "ದವಡೆ." ಹತ್ತೊಂಬತ್ತರಲ್ಲಿ ಹದಿನಾಲ್ಕು ದಿನ.

ಹಲ್ಲಿನ ವೈದ್ಯರ ಬಳಿ ಹೋದೆ. ಕನಸಿನ ಮಾತು ಎತ್ತಲು ನಾಚಿಕೆಯಾಯಿತು, ಎತ್ತಲಿಲ್ಲ. ಅವರು ಬಾಯಿ ನೋಡಿದವರೇ, "ರಾತ್ರಿ ಹಲ್ಲು ಕಡಿಯುತ್ತೀರಾ?" ಎಂದರು. ಹಿಂದಿನ ಹಲ್ಲುಗಳ ತುದಿ ಸವೆದು ಚಪ್ಪಟೆಯಾಗಿದ್ದವು.

ಆಮೇಲೆ ಹುಡುಕಿದಾಗ 2018ರ ಒಂದು ಅಧ್ಯಯನ ಸಿಕ್ಕಿತು. ಇಸ್ರೇಲಿನ ನಾಮಾ ರೋಜೆನ್ ಮತ್ತು ನಿರಿಟ್ ಸೋಫರ್-ದುದೆಕ್ ಮಾಡಿದ್ದು. ಹಲ್ಲು ಉದುರುವ ಕನಸು ಬೀಳುವವರಲ್ಲಿ, ಎದ್ದಾಗ ಹಲ್ಲು-ದವಡೆಯ ಬಿಗಿತ ಇರುವುದು ಹೆಚ್ಚು, ಮನಸ್ಸಿನ ಸಂಕಟಕ್ಕೂ ಅದಕ್ಕೂ ನಂಟು ಕಾಣಲಿಲ್ಲ ಎಂದು ಅವರು ಬರೆದಿದ್ದರು. ಮೈಗೆ ಆಗುವುದು ಕನಸಿನೊಳಗೆ ನುಗ್ಗುತ್ತದೆ ಎನ್ನುವುದು ಇನ್ನೂ ಹಳೆಯ ವಿಷಯ. 1958ರಲ್ಲಿ ವಿಲಿಯಂ ಡಿಮೆಂಟ್ ಮತ್ತು ಎಡ್ವರ್ಡ್ ವೋಲ್ಪರ್ಟ್ ರೆಮ್ ನಿದ್ದೆಯಲ್ಲಿದ್ದವರ ಮೈಮೇಲೆ ತಣ್ಣೀರು ಚಿಮುಕಿಸಿ ಎಬ್ಬಿಸಿದರು. ನೂರಕ್ಕೆ 42 ಸಲ ಕನಸಿನಲ್ಲಿ ನೀರು ಬಂದಿತ್ತು. ಮಳೆ, ಸೋರುವ ಸೂರು, ಹೀಗೆ. (ಪ್ರಯೋಗಕ್ಕೆ ಒಪ್ಪಿದವರ ತಾಳ್ಮೆ ದೊಡ್ಡದು.)

ಗೆಳತಿ ಇನ್ನೂ ಸೋತಿಲ್ಲ. "ಒತ್ತಡ ಇದ್ದರೇನೇ ಹಲ್ಲು ಕಡಿಯೋದು, ಅಲ್ವಾ?" ಎನ್ನುತ್ತಾಳೆ. ಒತ್ತಡಕ್ಕೂ ಹಲ್ಲು ಕಡಿಯುವುದಕ್ಕೂ ನಂಟು ಇರುವುದು ನಿಜ. ಅರ್ಧ ಅಂಕ ಕೊಟ್ಟಿದ್ದೇನೆ.

ಎಲ್ಲ ಕನಸೂ ಹೀಗೆ ಮೈಯಿಂದಲೇ ಬಂದವು ಎಂದಲ್ಲ. ನನಗೆ ಇನ್ನೊಂದು ಕನಸಿತ್ತು, ಅದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಜನಸಂದಣಿ. ಮಗಳ ಕೈ ನನ್ನ ಕೈಯಿಂದ ಜಾರುತ್ತದೆ. ಕೂಗಿದರೆ ದನಿ ಬರುವುದಿಲ್ಲ. ಇದಕ್ಕೆ ಯಾವ ಗೂಢಾರ್ಥವೂ ಬೇಕಿರಲಿಲ್ಲ. ಅವಳಿಗೆ ನಾಲ್ಕು ವರ್ಷವಿದ್ದಾಗ ಹತ್ತು ನಿಮಿಷ ನಿಜಕ್ಕೂ ಕಳೆದುಹೋಗಿದ್ದಳು. ಸಿಕ್ಕಿದಳು. ಅವಳಿಗೆ ಅದು ನೆನಪೇ ಇಲ್ಲ. ನನ್ನ ರಾತ್ರಿಗಳಿಗೆ ಮಾತ್ರ ಅವಳು ಸಿಕ್ಕಿದ ಸುದ್ದಿ ತಲುಪಿರಲಿಲ್ಲ.

ಇದಕ್ಕೆ ನಾನು ಮಾಡಿದ್ದು ಕನಸನ್ನು ತಿದ್ದಿ ಬರೆಯುವುದು. ಬ್ಯಾರಿ ಕ್ರಾಕೋ ಎಂಬ ವೈದ್ಯರ ತಂಡ 2001ರಲ್ಲಿ, ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿ ದುಃಸ್ವಪ್ನದಿಂದ ನರಳುತ್ತಿದ್ದ 168 ಮಹಿಳೆಯರಲ್ಲಿ ಈ ವಿಧಾನ ನೋಡಿತ್ತು. ಚಿಕಿತ್ಸೆ ಪಡೆದವರಿಗೆ ಕೆಟ್ಟ ಕನಸು ಕಡಿಮೆಯಾಗಿತ್ತು. ವಿಧಾನ ಸರಳ. ಹಗಲು ಹೊತ್ತು ಕೂತು ಕನಸನ್ನು ಬರೆಯಿರಿ. ಎಲ್ಲಾದರೂ ಒಂದು ಕಡೆ ನಿಮಗೆ ಬೇಕಾದ ಹಾಗೆ ಬದಲಿಸಿ. ಬದಲಿಸಿದ್ದನ್ನು ದಿನಾ ಕೆಲವು ನಿಮಿಷ ಕಣ್ಣು ಮುಚ್ಚಿ ನೋಡಿ. ನನ್ನ ಮೊದಲ ತಿದ್ದುಪಡಿ ಕೆಲಸ ಮಾಡಲಿಲ್ಲ. ಕೈ ಜಾರದ ಹಾಗೆ ಗಟ್ಟಿ ಹಿಡಿದೆ ಎಂದು ಬರೆದಿದ್ದೆ. ಕಣ್ಣು ಮುಚ್ಚಿದರೆ ಹಿಡಿತ ಮತ್ತೆ ಸಡಿಲವಾಗುತ್ತಿತ್ತು, ಗಾಬರಿ ಜಾಸ್ತಿಯೇ ಆಯಿತು. ಎರಡನೆಯ ಸಲ ಕೈ ಜಾರಲು ಬಿಟ್ಟೆ. ಆದರೆ ಈ ಸಲ ಕಳೆದುಹೋದವಳು ನಾನು. ಮಗಳು ಗುಂಪನ್ನು ಸೀಳಿಕೊಂಡು ಬಂದು, ಸೊಂಟಕ್ಕೆ ಕೈ ಇಟ್ಟು, "ಎಲ್ಲಿಗೆ ಹೋಗಿದ್ದೆ? ಹೇಳಿ ಹೋಗಕ್ಕಾಗಲ್ವಾ?" ಎಂದು ಬೈಯುತ್ತಾಳೆ. ಮೊದಲ ದಿನ ಕಣ್ಣು ಮುಚ್ಚಿ ಇದನ್ನು ನೋಡಿದಾಗ ನಗು ಬಂತು.

ಮೂರು ವಾರ ದಿನಾ ಹತ್ತು ನಿಮಿಷ ಮಾಡಿದೆ. ತಿದ್ದಿದ ಕನಸು ಒಮ್ಮೆಯೂ ಬೀಳಲಿಲ್ಲ. ಆದರೆ ಹಳೆಯದು ತಿಂಗಳಿಗೆ ನಾಲ್ಕೈದು ಸಲ ಬರುತ್ತಿದ್ದದ್ದು ಒಂದಕ್ಕೆ ಇಳಿಯಿತು. ಆಮೇಲೆ ಐದು ತಿಂಗಳು ಸುದ್ದಿಯೇ ಇಲ್ಲ. ನನ್ನದು ಹತ್ತು ನಿಮಿಷದ ಗಾಬರಿ, ಒಬ್ಬಳೇ ನಿಭಾಯಿಸಿದೆ. ದೊಡ್ಡ ಆಘಾತದಿಂದ ಬಂದ ಕನಸಾದರೆ ತಿಳಿದವರ ಜೊತೆ ಕೂತೇ ಇದನ್ನು ಮಾಡಬೇಕು. ಇನ್ನೊಂದು ಮಾತು: ಕನಸಿನಲ್ಲಿ ಹೊಡೆದಾಡುತ್ತಾ ನಿಜವಾಗಿ ಕೈಕಾಲು ಬೀಸುವವರು, ಮಂಚದಿಂದ ಹಾರುವವರು ನೋಟ್‌ಬುಕ್ ಬಿಟ್ಟು ವೈದ್ಯರನ್ನು ನೋಡಿ. ರೆಮ್ ನಿದ್ದೆಯಲ್ಲಿ ಸ್ನಾಯುಗಳು ಸಡಿಲವಾಗಿ ಬಿದ್ದಿರಬೇಕು. ಹಾಗಿಲ್ಲದಿದ್ದರೆ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಹಲ್ಲಿಗೆ ಈಗ ನೈಟ್ ಗಾರ್ಡ್ ಹಾಕಿ ಮಲಗುತ್ತೇನೆ. ಮೇಲಿನ ಸಾಲಿಗೆ ಕೂರುವ ಒಂದು ಚಿಕ್ಕ ಪಾರದರ್ಶಕ ಕವಚ. ದವಡೆ ನೋವು ಬಹುಪಾಲು ಹೋಗಿದೆ. ಹಲ್ಲು ಉದುರಿದ್ದು ಕಳೆದ ನಾಲ್ಕು ತಿಂಗಳಲ್ಲಿ ಒಂದೇ ಸಲ. ಅದರ ಜಾಗಕ್ಕೆ ಹೊಸದೊಂದು ಬಂದಿದೆ. ತುಂಬಿದ ಸಭೆಯಲ್ಲಿ ಮಾತಾಡಲು ನಿಂತಿದ್ದೇನೆ, ಬಾಯಿ ತುಂಬ ರಬ್ಬರು. ಎಳೆದಷ್ಟೂ ಉದ್ದವಾಗುತ್ತದೆ, ಮುಗಿಯುವುದೇ ಇಲ್ಲ. ಎಲ್ಲರೂ ಕಾಯುತ್ತಿದ್ದಾರೆ.

ಮೊನ್ನೆ ಇದನ್ನು ಅದೇ ಹಿರಿಯರಿಗೆ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ಆಯುಷ್ಯ ಉದ್ದ ಇದೆ ಎಂದರು. ಬರೆದುಕೊಂಡಿದ್ದೇನೆ.