ಬ್ಯಾಟರಿ ಚೈನ್ ಸಾ ಕೊಳ್ಳುವ ಮುನ್ನ ಟೇಪ್ ಹಿಡಿದು ಹೊಲ ಸುತ್ತಿ ಬನ್ನಿ

ವಿಜಯಪುರ, ಬಾಗಲಕೋಟೆ ಕಡೆಯ ಹೊಲಗಳಲ್ಲಿ ಮರ ಕೊಯ್ಯುವ ಕೆಲಸ ದೊಡ್ಡದೇನೂ ಇರುವುದಿಲ್ಲ. ಆದರೆ ಅದು ಮುಗಿಯುವುದೂ ಇಲ್ಲ. ಬದುವಿನ ಜಾಲಿ ಗಾಡಿ ದಾರಿಗೆ ಚಾಚಿರುತ್ತದೆ. ಮನೆ ಮುಂದಿನ ಬೇವಿನ ಟೊಂಗೆ ಗಾಳಿಗೆ ತಗಡು ಬಡಿಯುತ್ತಿರುತ್ತದೆ. ಇಂಡಿ ಕಡೆ ನಿಂಬೆ ತೋಟಗಳಲ್ಲಿ ಒಣ ಟೊಂಗೆ, ಬಾಗಲಕೋಟೆಯ ದಾಳಿಂಬೆಯಲ್ಲಿ ರೋಗ ಹತ್ತಿದ ಕಾಂಡ. ಇಷ್ಟಕ್ಕೆ ಪೆಟ್ರೋಲ್ ಮಷೀನಿನವರನ್ನು ಕರೆದರೆ ಅವರು ಇವತ್ತು ಬರುತ್ತೇವೆ, ನಾಳೆ ಬರುತ್ತೇವೆ ಅನ್ನುತ್ತಾರೆ. ಕೊಡಲಿ ಹಿಡಿಯುವ ಆಳು ಸಿಗುವುದು ಇನ್ನೂ ಕಷ್ಟ. ಬ್ಯಾಟರಿ ಚೈನ್ ಸಾ, ಅಂದರೆ ಬ್ಯಾಟರಿಯಿಂದ ಓಡುವ ಚೈನ್ ಗರಗಸ, ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಆಯಿಲ್ ಬೆರೆಸಿದ ಪೆಟ್ರೋಲ್ ಬೇಡ, ಹಗ್ಗ ಎಳೆಯುವುದು ಬೇಡ. ತಿಂಗಳುಗಟ್ಟಲೆ ಮೂಲೆಯಲ್ಲಿ ಇಟ್ಟಿದ್ದರೂ ಬ್ಯಾಟರಿಯಲ್ಲಿ ಚಾರ್ಜ್ ಇದ್ದರೆ ಬಟನ್ ಒತ್ತಿದ ಕೂಡಲೇ ಶುರುವಾಗುತ್ತದೆ.

ಕೊಳ್ಳಲು ಹೋದವರು ಮೊದಲು ಕೇಳುವುದು "ಎಷ್ಟು ವೋಲ್ಟ್?" ಅಂತ. ನನ್ನ ಪ್ರಕಾರ ಅದನ್ನು ಕೊನೆಗೆ ಕೇಳಬೇಕು. ಕೊಯ್ಯುವ ಕಟ್ಟಿಗೆ ಎಷ್ಟು ದಪ್ಪ, ಎಷ್ಟು ಗಟ್ಟಿ, ಒಂದು ಸಲಕ್ಕೆ ಎಷ್ಟು ಕೆಲಸ ಅನ್ನುವುದು ಗೊತ್ತಿದ್ದರೆ ಉಳಿದದ್ದು ತಾನಾಗಿ ತೀರ್ಮಾನವಾಗುತ್ತದೆ.

ಮೊದಲು ಅಳತೆ

ಒಂದು ಟೇಪ್ ತಗೊಂಡು ಬದು ಸುತ್ತಿ ಬನ್ನಿ. ಈ ವರ್ಷ ನಿಜವಾಗಿ ಕೊಯ್ಯಬೇಕಾದ ಟೊಂಗೆಗಳ ದಪ್ಪ ಅಳೆಯಿರಿ. ಬಹಳಷ್ಟು ಎರಡರಿಂದ ನಾಲ್ಕು ಇಂಚಿನ ಒಳಗೇ ಇರುತ್ತವೆ. ಅಂಥ ಕೆಲಸಕ್ಕೆ ಒಂದೇ ಕೈಯಲ್ಲಿ ಹಿಡಿಯಬಹುದಾದ 6 ಇಂಚಿನ ಮಿನಿ ಸಾ ಸಾಕು. 4 ಇಂಚಿನದೂ ಸಿಗುತ್ತದೆ, ಅದು ಎರಡು ಇಂಚಿನ ಆಸುಪಾಸಿನ ಟೊಂಗೆಗಷ್ಟೇ ಒಳ್ಳೆಯದು. ಈ ಇಂಚು ಬಾರಿನ ಉದ್ದ, ಅಂದರೆ ಚೈನ್ ಸುತ್ತುವ ಪಟ್ಟಿಯದು. ಬಾರ್ 6 ಇಂಚು ಎಂದರೆ ಪೂರ್ತಿ 6 ಇಂಚು ಕೊಯ್ಯುತ್ತದೆ ಅಂತಲ್ಲ. ಬುಡದ ಹತ್ತಿರ ಸ್ವಲ್ಪ ಭಾಗ ಮಷೀನಿನ ಮೈಗೆ ಹೋಗುತ್ತದೆ. ಹಾಗಾಗಿ ಟೊಂಗೆಯ ದಪ್ಪಕ್ಕಿಂತ ಬಾರ್ ಎರಡು ಇಂಚಾದರೂ ಉದ್ದ ಇರಲಿ.

ಅಳತೆ ಐದು, ಆರು ಇಂಚು ದಾಟಿತು ಎಂದರೆ ಎರಡು ಕೈಯಲ್ಲಿ ಹಿಡಿಯುವ 10 ಅಥವಾ 12 ಇಂಚಿನ ಸಾ ನೋಡಿ. ಮಿನಿ ಸಾದಲ್ಲಿ ದಪ್ಪ ಬೊಡ್ಡೆಗೆ ಕೈ ಹಾಕಿದರೆ ಚೈನ್ ಸಿಕ್ಕಿಕೊಳ್ಳುತ್ತದೆ, ಮೋಟರ್ ಬಿಸಿಯಾಗುತ್ತದೆ. ಇನ್ನು ಎರಡು ಅಡಿ ದಪ್ಪದ ಹುಣಸೆ ಮರ ಬಿದ್ದಿದೆ, ಇಡೀ ದಿನ ತುಂಡು ಮಾಡಬೇಕು ಅನ್ನುವವರು ಪೆಟ್ರೋಲ್ ಮಷೀನಿನವರನ್ನೇ ಕಾಯಬೇಕು. ಅದು ಬ್ಯಾಟರಿ ಕೆಲಸ ಅಲ್ಲ.

ಗಟ್ಟಿತನವೂ ಲೆಕ್ಕಕ್ಕೆ ಬರಬೇಕು. ಹಸಿ ಬೇವನ್ನು ಸಲೀಸಾಗಿ ಕೊಯ್ಯಬಹುದು. ಒಣಗಿದ ಜಾಲಿ, ಹುಣಸೆ ಹಾಗಲ್ಲ, ಚೈನಿನ ಹಲ್ಲನ್ನು ಬೇಗ ಮೊಂಡು ಮಾಡುತ್ತವೆ. ಸಾಧ್ಯವಿದ್ದರೆ ಜಾಲಿಯನ್ನು ಹಸಿ ಇದ್ದಾಗಲೇ ಕೊಯ್ದುಬಿಡಿ. ಬುಡಕ್ಕೆ ಮಣ್ಣು ಮೆತ್ತಿದ್ದರೆ ಮೊದಲು ಕುಡಗೋಲಿನಿಂದ ಕೆರೆದು ತೆಗೆಯಿರಿ. ಚೈನಿಗೆ ಕಟ್ಟಿಗೆಗಿಂತ ಮಣ್ಣೇ ದೊಡ್ಡ ಶತ್ರು.

ದ್ರಾಕ್ಷಿ ಬೆಳೆಯುವ ತಿಕೋಟಾ ಕಡೆಯವರಿಗೆ ಒಂದು ಮಾತು. ಏಪ್ರಿಲ್ ಚಾಟ್ನಿ (ಬಳ್ಳಿ ಸವರುವುದು), ಅಕ್ಟೋಬರ್ ಚಾಟ್ನಿಗೆ ಕತ್ತರಿಯೇ ಸರಿ. ಚೈನ್ ಸಾ ಬೇಕಾಗುವುದು ಹಳೆ ಬಳ್ಳಿಯ ಬೊಡ್ಡೆ ತೆಗೆಯುವಾಗ ಮಾತ್ರ.

ಡಬ್ಬಿ ಮೇಲಿನ ವೋಲ್ಟ್ ನಂಬಬೇಡಿ, ಚಾರ್ಜರ್ ಓದಿ

ಇಲ್ಲಿ ಸ್ವಲ್ಪ ನಿಂತು ನೋಡೋಣ. ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ಎರಡು-ಮೂರು ಸಾವಿರಕ್ಕೆ ಸಿಗುವ ಹೆಸರಿಲ್ಲದ ಮಿನಿ ಸಾಗಳ ಮೇಲೆ 48 ವೋಲ್ಟ್, 88 ವೋಲ್ಟ್ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅಂಗಡಿಯಲ್ಲೂ "48 ವೋಲ್ಟ್ ಐತ್ರಿ, ಜಾಲಿ ಅಂದ್ರ ಬೆಣ್ಣಿ ಕೊಯ್ದಂಗ" ಅನ್ನುತ್ತಾರೆ. ಆಗ ಸುಮ್ನೆ ಚಾರ್ಜರ್ ಕೈಗೆ ತಗೊಳ್ಳಿ. ಅದರ ಮೇಲಿನ ಸಣ್ಣ ಅಕ್ಷರದಲ್ಲಿ 'ಔಟ್‌ಪುಟ್' ಎಂಬ ಸಾಲು ಹುಡುಕಿ. ಅಲ್ಲಿ 21 ವೋಲ್ಟ್ ಎಂದಿದ್ದರೆ ಒಳಗಿರುವುದು ಮಾಮೂಲಿ 18 ವೋಲ್ಟ್ ಬ್ಯಾಟರಿ, ಮುಗಿಯಿತು.

ಹೇಗೆ ಅಂದರೆ, ಇಂಥ ಬ್ಯಾಟರಿಗಳ ಒಳಗೆ ಬೆರಳುದ್ದದ ಲಿಥಿಯಂ ಸೆಲ್‌ಗಳಿರುತ್ತವೆ. ಒಂದೊಂದು ಸೆಲ್ 3.6 ವೋಲ್ಟ್. ಪೂರ್ತಿ ಚಾರ್ಜ್ ಆದಾಗ 4.2. ಐದು ಸೆಲ್ ಸಾಲಾಗಿ ಜೋಡಿಸಿದರೆ 18 ವೋಲ್ಟ್, ಪೂರ್ತಿ ತುಂಬಿದಾಗ 21. ಹತ್ತು ಜೋಡಿಸಿದರೆ 36, ತುಂಬಿದಾಗ 42. ನಿಜವಾದ 48 ವೋಲ್ಟ್ ಬೇಕೆಂದರೆ ಹದಿಮೂರು ಸೆಲ್ ಸಾಲಾಗಿ ಇರಬೇಕು. ಒಂದು ಸೆಲ್ ಸುಮಾರು 45 ಗ್ರಾಂ ತೂಗುತ್ತದೆ, ಹದಿಮೂರು ಎಂದರೆ ಬರೀ ಸೆಲ್ಲೇ ಅರ್ಧ ಕೆಜಿ ದಾಟುತ್ತದೆ. ಬ್ಯಾಟರಿಯನ್ನು ತಕ್ಕಡಿಗೆ ಹಾಕಿ ನೋಡಿ. 300, 350 ಗ್ರಾಂ ತೂಗುವ ಬ್ಯಾಟರಿ 48 ವೋಲ್ಟ್ ಆಗಲು ಸಾಧ್ಯವೇ ಇಲ್ಲ.

ಹೆಸರಾಂತ ಕಂಪನಿಗಳಲ್ಲೂ ಕೆಲವರು 18 ವೋಲ್ಟ್ ಅಂತಲೂ, ಕೆಲವರು 20 ವೋಲ್ಟ್ ಮ್ಯಾಕ್ಸ್ ಅಂತಲೂ ಬರೆಯುತ್ತಾರೆ. ಎರಡೂ ಅದೇ ಐದು ಸೆಲ್ ಸಾಲಿನದು. 20 ಇದ್ದದ್ದಕ್ಕೆ ಜಾಸ್ತಿ ದುಡ್ಡು ಕೊಡಬೇಕಿಲ್ಲ.

ಎಷ್ಟು ಹೊತ್ತು ನಡೆಯುತ್ತದೆ ಎಂದು ತಿಳಿಯಲು ವೋಲ್ಟನ್ನು ಆಂಪಿಯರ್ ಅವರ್‌ನಿಂದ (ಬ್ಯಾಟರಿ ಮೇಲೆ Ah ಎಂದಿರುತ್ತದೆ) ಗುಣಿಸಿ. 18 ವೋಲ್ಟ್, 2 ಆಂಪಿಯರ್ ಅವರ್ ಎಂದರೆ 36 ವ್ಯಾಟ್ ಅವರ್. 18 ಮತ್ತು 5 ಆದರೆ 90. ಕೊಯ್ಯುವಾಗ ಮೋಟರ್ 400 ವ್ಯಾಟ್ ಎಳೆಯಿತು ಅಂದುಕೊಳ್ಳಿ. 36ರ ಬ್ಯಾಟರಿ ಬಿಡದೆ ಕೊಯ್ದರೆ ಐದು ನಿಮಿಷ ಬರುತ್ತದೆ, 90ರದ್ದು ಹದಿಮೂರು ನಿಮಿಷ. ಕೇಳಲು ಕಡಿಮೆ ಅನಿಸುತ್ತದೆ, ಅಲ್ವಾ? ಆದರೆ ಒಂದು ಟೊಂಗೆ ಕೊಯ್ಯಲು ಎಂಟು ಸೆಕೆಂಡ್ ಹಿಡಿದರೆ ಐದು ನಿಮಿಷದಲ್ಲಿ ಮೂವತ್ತೈದಕ್ಕೂ ಹೆಚ್ಚು ಟೊಂಗೆ ಆಯಿತು. ಮನೆ ಮುಂದಿನ ಬೇವು ಸವರಲು ಅಷ್ಟು ಸಾಕು. ಬದುವಿಡೀ ಜಾಲಿ ಇದ್ದರೆ 4 ಅಥವಾ 5 ಆಂಪಿಯರ್ ಅವರ್‌ನ ಎರಡು ಬ್ಯಾಟರಿ ಇಟ್ಟುಕೊಳ್ಳಿ. ಚಾರ್ಜರ್‌ಗೆ ಮನೆಯ ಸಿಂಗಲ್ ಫೇಸ್ ಕರೆಂಟ್ ಸಾಕು, ಪಂಪ್‌ಸೆಟ್ಟಿನ ತ್ರೀ ಫೇಸ್ ಕಾಯಬೇಕಿಲ್ಲ.

ಮನೆಯಲ್ಲಿ ಈಗಾಗಲೇ ಬ್ಯಾಟರಿ ಡ್ರಿಲ್ ಇದ್ದರೆ ಅದೇ ಕಂಪನಿಯ, ಅದೇ ಸರಣಿಯ ಸಾ ಹುಡುಕಿ. ಮಕಿಟಾ, ಬಾಷ್, ಡಿವಾಲ್ಟ್ ಯಾವುದೇ ಇರಲಿ, ಒಂದರ ಬ್ಯಾಟರಿ ಇನ್ನೊಂದಕ್ಕೆ ಕೂರುವುದಿಲ್ಲ. ಆದರೆ ಒಂದೇ ಸರಣಿಯೊಳಗೆ ಎಲ್ಲಕ್ಕೂ ಕೂರುತ್ತದೆ. ಬ್ಯಾಟರಿ ಇಲ್ಲದ ಬರೀ ಮಷೀನ್ ಕೊಂಡರೆ ಖರ್ಚು ಬಹಳ ಇಳಿಯುತ್ತದೆ.

ಅಂಗಡಿಯಲ್ಲಿ ಕೈಗೆ ತಗೊಂಡು ನೋಡಿ

ಬ್ಯಾಟರಿ ಹಾಕಿದ ಮೇಲೆ ತೂಕ ನೋಡಿ. ತೋಳು ಚಾಚಿ ಒಂದು ನಿಮಿಷ ಹಿಡಿಯಲು ಆಗದಿದ್ದರೆ ಅದು ನಿಮ್ಮ ಮಷೀನ್ ಅಲ್ಲ. ಬ್ರಷ್‌ಲೆಸ್ ಮೋಟರ್ ಇದ್ದರೆ ಒಳ್ಳೆಯದು. ಅದೇ ಚಾರ್ಜ್‌ನಲ್ಲಿ ಜಾಸ್ತಿ ಕೆಲಸ ಮಾಡುತ್ತದೆ, ಕಾರ್ಬನ್ ಬ್ರಷ್ ಸವೆಯುವ ಗೋಳಿಲ್ಲ.

ಬಟನ್ ಒಂದೇ ಒತ್ತಿಗೆ ಶುರುವಾಗಬಾರದು. ಹೆಬ್ಬೆರಳಿನ ಲಾಕ್ ಒತ್ತಿದ ಮೇಲೇ ಓಡಬೇಕು, ಬೆರಳು ಬಿಟ್ಟ ಕೂಡಲೇ ನಿಲ್ಲಬೇಕು. 10 ಇಂಚಿನ ಮೇಲಿನದಾದರೆ ಮುಂದಿನ ಹಿಡಿಕೆಯ ಎದುರು ಚೈನ್ ಬ್ರೇಕ್ ಇದೆಯಾ ನೋಡಿ. ಬಾರಿನ ತುದಿಯ ಮೇಲ್ಭಾಗ ಕಟ್ಟಿಗೆಗೆ ತಾಗಿದರೆ ಮಷೀನ್ ಒಮ್ಮೆಲೇ ಮುಖದತ್ತ ಚಿಮ್ಮುತ್ತದೆ. ಆಗ ಕಾಪಾಡುವುದು ಈ ಬ್ರೇಕ್. ಅದಿಲ್ಲದ ದೊಡ್ಡ ಚೈನ್ ಸಾ ಎಷ್ಟು ಅಗ್ಗಕ್ಕೆ ಕೊಟ್ಟರೂ ತಗೋಬೇಡಿ.

ಬ್ಯಾಟರಿ ತೆಗೆದು, ಕೈಗವಸು ಹಾಕಿಕೊಂಡು, ಬಾರಿನ ನಡುವೆ ಚೈನನ್ನು ಮೇಲಕ್ಕೆ ಎಳೆಯಿರಿ. ಸ್ವಲ್ಪ ಮೇಲೇಳಬೇಕು, ಒಳಗಿನ ಹಲ್ಲು ಬಾರಿನ ಸೀಳಿನಿಂದ ಪೂರ್ತಿ ಹೊರಗೆ ಬರಬಾರದು. ಬಿಟ್ಟರೆ ಟಪ್ ಅಂತ ಕೂರಬೇಕು. ಹೊಸ ಚೈನ್ ಮೊದಲ ದಿನವೇ ಹಿಗ್ಗುತ್ತದೆ. ಅದನ್ನು ಬಿಗಿ ಮಾಡುವುದನ್ನು ಅಂಗಡಿಯವರಿಂದಲೇ ಕಲಿತು ಬನ್ನಿ.

ಎಣ್ಣೆ ಎಲ್ಲಿ ಹಾಕುವುದು ಅಂತಲೂ ಕೇಳಿ. ದೊಡ್ಡ ಸಾದಲ್ಲಿ ಸಾಮಾನ್ಯವಾಗಿ ಟ್ಯಾಂಕ್ ಇರುತ್ತದೆ, ತಾನೇ ಹನಿಯುತ್ತದೆ. ಬಹಳಷ್ಟು ಮಿನಿ ಸಾಗಳಲ್ಲಿ ನಾವೇ ಆಗಾಗ ಚೈನಿಗೆ ಹನಿಸಬೇಕು. ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಹಾಕುವವರು ಬಹಳ. ದಯವಿಟ್ಟು ಬೇಡ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಬಾರ್ ತಿಂದುಹಾಕುತ್ತದೆ. ಚೈನ್‌ನಿಂದ ಸಿಡಿದು ಕೈಗೆ, ಗಿಡಕ್ಕೆ ಮೆತ್ತುತ್ತದೆ.

ಕೊನೆಯದಾಗಿ ಬಾರಿನ ಮೇಲೆ ಕೊರೆದ ಅಂಕಿಗಳ ಫೋಟೊ ತೆಗೆದುಕೊಳ್ಳಿ: ಪಿಚ್ (ಚೈನಿನ ಕೊಂಡಿಗಳ ಅಂತರದ ಅಳತೆ), ಗೇಜ್ (ಒಳಗಿನ ಹಲ್ಲಿನ ದಪ್ಪ), ಎಷ್ಟು ಡ್ರೈವ್ ಲಿಂಕ್ (ಬಾರಿನ ಸೀಳಿನಲ್ಲಿ ಓಡುವ ಒಳಗಿನ ಹಲ್ಲು). ಇದು ಗೊತ್ತಿಲ್ಲದೆ ಬೇರೆ ಚೈನ್ ಸಿಗುವುದಿಲ್ಲ. ಆ ಚೈನ್ ಇಲ್ಲೇ ಸಿಗುತ್ತದೆಯೇ ಎಂದು ಕೇಳಿ, ಒಂದು ಜಾಸ್ತಿ ತಗೊಂಡೇ ಬನ್ನಿ. ಬಾಗಲಕೋಟೆಯ ತೋಟಗಾರಿಕೆ ಮೇಳ, ಧಾರವಾಡದ ಕೃಷಿ ಮೇಳಕ್ಕೆ ಹೋಗುವವರು ಅಲ್ಲಿ ಹಲವು ಮಷೀನುಗಳನ್ನು ಒಟ್ಟಿಗೆ ಕೈಗೆ ತಗೊಂಡು ನೋಡಬಹುದು.

ಮೊದಲ ಕೊಯ್ಲಿಗೆ ಮುನ್ನ

ಹೆಗಲ ಮೇಲಿನ ವಲ್ಲಿ ಕೆಳಗಿಡಿ. ಧೋತರ, ಲುಂಗಿ ಬೇಡ, ಪ್ಯಾಂಟ್ ಮತ್ತು ಬೂಟು ಹಾಕಿ. ಹೆಣ್ಣುಮಕ್ಕಳು ಕೆಲಸ ಮಾಡುವುದಾದರೆ ಸೆರಗು ಬಿಗಿಯಾಗಿ ಸಿಕ್ಕಿಸಿ ಮೇಲೊಂದು ತುಂಬುತೋಳಿನ ಅಂಗಿ ತೊಡಲಿ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಜಾಲಿ ಮುಳ್ಳು ಕಣ್ಣಿಗೆ ಹಾರಿದರೆ ಆಟದ ಮಾತಲ್ಲ.

ಮಿನಿ ಸಾದ ದೊಡ್ಡ ಅಪಾಯ ಎಡಗೈ. ಬಲಗೈಯಲ್ಲಿ ಸಾ ಹಿಡಿದು, ಎಡಗೈಯಲ್ಲಿ ಅದೇ ಟೊಂಗೆಯನ್ನು ಚೈನಿನ ಹತ್ತಿರವೇ ಹಿಡಿಯುತ್ತಾರೆ. ಟೊಂಗೆ ತುಂಡಾದ ಕೂಡಲೇ ಸಾ ಆ ಕೈಗೇ ಹೋಗುತ್ತದೆ. ಎರಡನೇ ಕೈ ಹಿಡಿಕೆಯ ಮೇಲಿರಲಿ, ಇಲ್ಲವೇ ದೂರ ಇರಲಿ. ಏಣಿ ಹತ್ತಿ, ಮರ ಹತ್ತಿ ಕೊಯ್ಯಬೇಡಿ. ಟೊಂಗೆಯ ಹತ್ತಿರ ವಿದ್ಯುತ್ ತಂತಿ ಇದ್ದರೆ ಮುಟ್ಟಲೇಬೇಡಿ, ಹೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಭಾರದ ಟೊಂಗೆಯನ್ನು ಮೇಲಿನಿಂದ ನೇರ ಕೊಯ್ದರೆ ಅದು ಮುರಿದು ಕಾಂಡದ ಸಿಪ್ಪೆ ಸುಲಿದುಕೊಂಡು ಬೀಳುತ್ತದೆ. ಕಾಂಡದಿಂದ ಒಂದು ಅಡಿ ದೂರದಲ್ಲಿ, ಮೊದಲು ಕೆಳಗಿನಿಂದ ಮೂರನೇ ಒಂದು ಭಾಗ ಕೊಯ್ಯಿರಿ. ಆಮೇಲೆ ಸ್ವಲ್ಪ ಆಚೆ ಮೇಲಿನಿಂದ ಕೊಯ್ಯಿರಿ. ಟೊಂಗೆ ಬಿದ್ದ ಮೇಲೆ ಉಳಿದ ತುಂಡನ್ನು ಬುಡದ ಉಬ್ಬಿನ ಹೊರಗೆ ನೀಟಾಗಿ ತೆಗೆಯಿರಿ. ದಾಳಿಂಬೆಯಾದರೆ ಕೊಯ್ದ ಜಾಗಕ್ಕೆ ಬೋರ್ಡೋ ಮುಲಾಮು (ಮೈಲುತುತ್ತು, ಸುಣ್ಣದ ಮಿಶ್ರಣ) ಹಚ್ಚಿ. ದುಂಡಾಣು ಅಂಗಮಾರಿ ರೋಗ ಇರುವ ತೋಟದಲ್ಲಿ ಗಿಡದಿಂದ ಗಿಡಕ್ಕೆ ಹೋಗುವಾಗ ಬ್ಯಾಟರಿ ತೆಗೆದು, ಚೈನ್ ಮತ್ತು ಬಾರನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ ಒರೆಸಿ. ಕೆಲಸ ಮುಗಿದ ಮೇಲೆ ಒಣಗಿಸಿ ಎಣ್ಣೆ ಹಚ್ಚಿ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ.

ಇಡೀ ಮರ ಕಡಿಯುವುದಾದರೆ ಸ್ವಂತ ಹೊಲವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕಾಗಬಹುದು. ನೀಲಗಿರಿ, ಸುಬಾಬುಲ್‌ನಂಥ ಕೆಲವು ಜಾತಿಗೆ ವಿನಾಯಿತಿ ಇದೆ. ಉಳಿದವಕ್ಕೆ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿ.

ಬೇಸಿಗೆ ಮತ್ತು ಬ್ಯಾಟರಿ

ನಮ್ಮ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊಲದ ತಗಡಿನ ಶೆಡ್ಡಿನೊಳಗೆ ಇನ್ನೂ ಜಾಸ್ತಿ. ಲಿಥಿಯಂ ಬ್ಯಾಟರಿ ಕೆಡುವುದು ಇಲ್ಲೇ. ಕೆಲಸ ಮುಗಿದ ಕೂಡಲೇ ಬಿಸಿ ಬ್ಯಾಟರಿಯನ್ನು ಚಾರ್ಜ್‌ಗೆ ಹಾಕಬೇಡಿ, ಮುಟ್ಟಿದರೆ ತಣ್ಣಗನಿಸುವವರೆಗೆ ನೆರಳಲ್ಲಿಡಿ. ತಿಂಗಳುಗಟ್ಟಲೆ ಬಳಸದಿದ್ದರೆ ಪೂರ್ತಿ ತುಂಬಿಸಿ ಇಡಬಾರದು, ಪೂರ್ತಿ ಖಾಲಿಯೂ ಬಿಡಬಾರದು. ಅರ್ಧದಷ್ಟು ಚಾರ್ಜ್ ಇಟ್ಟು, ಮಷೀನಿನಿಂದ ತೆಗೆದು, ಮನೆಯೊಳಗಿನ ತಣ್ಣನೆ ಜಾಗದಲ್ಲಿಡಿ.

ಚೈನ್ ಉದ್ದನೆಯ ಸಿಪ್ಪೆಯ ಬದಲು ಹಿಟ್ಟಿನಂಥ ಪುಡಿ ಉದುರಿಸತೊಡಗಿದರೆ ಹಲ್ಲು ಮೊಂಡಾಗಿದೆ ಎಂದರ್ಥ. ಒತ್ತಿ ಕೊಯ್ಯಬೇಡಿ, ಬ್ಯಾಟರಿ ಸುಮ್ನೆ ಖಾಲಿಯಾಗುತ್ತದೆ. ನಿಮ್ಮ ಚೈನಿಗೆ ಹೇಳಿದ ಅಳತೆಯ ದುಂಡನೆಯ ಅರ ತಗೊಂಡು, 30 ಡಿಗ್ರಿ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಿ. ಪ್ರತಿ ಹಲ್ಲಿಗೂ ಅಷ್ಟೇ ಸಲ, ಅಷ್ಟೇ ಒತ್ತಡ. ಒಂದು ಬದಿಯ ಹಲ್ಲು ಗಿಡ್ಡ, ಇನ್ನೊಂದು ಬದಿಯದು ಉದ್ದ ಆದರೆ ಸಾ ಓರೆಯಾಗಿ ಕೊಯ್ಯುತ್ತದೆ.