ರಿಮೂವ್ ಮೊದಲು, ಪ್ರೋಬ್ ಆಮೇಲೆ: ಡ್ರೈವರ್ ಕಟ್ಟುವ ಮತ್ತು ಕಳಚುವ ಕ್ರಮ

ಲಿನಕ್ಸ್ ಡ್ರೈವರ್, ಅಂದರೆ ಲಿನಕ್ಸಿನ ತಿರುಳಾದ ಕರ್ನೆಲ್ ಪರವಾಗಿ ಒಂದು ಸಾಧನವನ್ನು ನಡೆಸುವ ಕೋಡು, ಪರಿಶೀಲನೆಗೆ ಬಂದರೆ ನಾನು ಮೊದಲು ತೆರೆಯುವುದು ಸಾಧನವನ್ನು ಬಿಡುವಾಗ ಓಡುವ ರಿಮೂವ್ ಫಂಕ್ಷನ್. ಸಾಧನ ಸಿಕ್ಕಾಗ ಅದನ್ನು ಸಿದ್ಧಪಡಿಸುವ ಪ್ರೋಬ್ ಅನ್ನು ಎಲ್ಲರೂ ಎಚ್ಚರದಿಂದಲೇ ಬರೆದಿರುತ್ತಾರೆ. ಅದರಲ್ಲಿ ತಪ್ಪಿದ್ದರೆ ಸಾಧನ ಏಳುವುದೇ ಇಲ್ಲ, ಅಂದೇ ಗೊತ್ತಾಗುತ್ತದೆ. ರಿಮೂವ್ ತಪ್ಪಿದ್ದರೆ ತಿಂಗಳುಗಟ್ಟಲೆ ಯಾರಿಗೂ ತಿಳಿಯುವುದಿಲ್ಲ. ತಿಳಿಯುವ ದಿನ ಯಂತ್ರವೇ ಬಿದ್ದಿರುತ್ತದೆ.

ನನಗೆ ಈ ಬುದ್ಧಿ ಬಂದದ್ದು ನನ್ನದೇ ಡ್ರೈವರಿನಿಂದ. ದತ್ತಾಂಶ ಸಂಗ್ರಹಿಸುವ ಒಂದು ಪಿಸಿಐ ಕಾರ್ಡ್. ಇಂಟರಪ್ಟನ್ನು (ಸಾಧನ ಪ್ರೊಸೆಸರನ್ನು ಕೂಗುವ ಸೂಚನೆ) ಡೆವ್‌ಎಂ ಮೂಲಕ, ಅಂದರೆ ಕರ್ನೆಲ್ ತಾನೇ ಹಿಂದಿರುಗಿಸುವ ವಿಧಾನದಲ್ಲಿ ಪಡೆದಿದ್ದೆ. ಬಫರುಗಳ ಲೆಕ್ಕ ಇಡುವ ರಿಂಗ್ ಸ್ಟ್ರಕ್ಚರನ್ನು ಮಾತ್ರ ಮೆಮೊರಿ ಕೊಡುವ ಕೆ‌ಝಡ್‌ಅಲಾಕ್‌ನಿಂದ ಪಡೆದು, ರಿಮೂವ್‌ನಲ್ಲಿ ಕೈಯಾರೆ ಕೆಫ್ರೀ ಮಾಡುತ್ತಿದ್ದೆ, ಅಂದರೆ ಆ ಮೆಮೊರಿಯನ್ನು ಬಿಟ್ಟುಕೊಡುತ್ತಿದ್ದೆ. ನೋಡಲು ಅಚ್ಚುಕಟ್ಟಾಗಿತ್ತು. ಮಾಡ್ಯೂಲನ್ನು, ಅಂದರೆ ಕರ್ನೆಲ್‌ಗೆ ಸೇರಿಸಿದ ಡ್ರೈವರಿನ ತುಣುಕನ್ನು, ತೆಗೆದು ಮತ್ತೆ ಹಾಕುವ ಪರೀಕ್ಷೆ ಹಲವು ಬಾರಿ ಪಾಸಾಯಿತು, ಒಮ್ಮೆ ಕರ್ನೆಲ್ ಕುಸಿಯಿತು. ಲಾಗ್‌ನಲ್ಲಿದ್ದ ವಿಳಾಸ 6ಬಿ6ಬಿ6ಬಿ6ಬಿ6ಬಿ6ಬಿ6ಬಿ6ಬಿ. ಸ್ಲ್ಯಾಬ್ ಪಾಯ್ಸನಿಂಗ್ ಎಂಬ ತಪಾಸಣೆ ಚಾಲೂ ಇದ್ದಾಗ ಬಿಟ್ಟುಕೊಟ್ಟ ಮೆಮೊರಿಯ ತುಂಬ ಕರ್ನೆಲ್ ಬರೆಯುವುದು ಇದೇ 6ಬಿ. ಈ ಸಾಲು ಕಂಡರೆ ಬೇರೆ ಪುರಾವೆ ಹುಡುಕಬೇಕಿಲ್ಲ: ಬಿಟ್ಟುಕೊಟ್ಟದ್ದನ್ನು ಯಾರೋ ಇನ್ನೂ ಓದುತ್ತಿದ್ದಾರೆ.

ಓದುತ್ತಿದ್ದದ್ದು ನನ್ನ ಇಂಟರಪ್ಟ್ ಹ್ಯಾಂಡ್ಲರ್, ಇಂಟರಪ್ಟ್ ಬಂದಾಗ ಓಡುವ ಫಂಕ್ಷನ್. ಡೆವ್‌ಎಂ ಸಂಪನ್ಮೂಲಗಳು ಬಿಡುಗಡೆಯಾಗುವುದು ರಿಮೂವ್ ಮುಗಿದು ಹಿಂದಿರುಗಿದ ಮೇಲೆ. ಕೆಫ್ರೀ ಆದ ಗಳಿಗೆಗೂ ಇಂಟರಪ್ಟ್ ಹಿಂದಿರುಗುವ ಗಳಿಗೆಗೂ ನಡುವೆ ಒಂದು ಸಣ್ಣ ಕಿಂಡಿ ಉಳಿದಿತ್ತು. ನನ್ನ ಕಾರ್ಡನ್ನು ಆಗಲೇ ಸುಮ್ಮನಾಗಿಸಿದ್ದೆ, ಆದರೆ ಇಂಟರಪ್ಟ್ ತಂತಿ ಹಂಚಿಕೆಯದು. ಪಕ್ಕದ ಸಾಧನ ಕೂಗಿದರೂ ನನ್ನ ಹ್ಯಾಂಡ್ಲರಿಗೆ ಕರೆ ಬರುತ್ತದೆ.

ಪಡೆದದ್ದನ್ನು ಹಿಮ್ಮುಖ ಕ್ರಮದಲ್ಲಿ ಬಿಡಬೇಕು ಎಂಬುದನ್ನು ಎಲ್ಲರೂ ಕಲಿಸುತ್ತಾರೆ. ನನಗೂ ಅದು ಬಾಯಿಪಾಠವಾಗಿತ್ತು. ಕೇಳಿಕೊಳ್ಳದೆ ಬಿಟ್ಟಿದ್ದ ಪ್ರಶ್ನೆ ಬೇರೆ: ಈ ಕ್ಷಣದಲ್ಲಿ ನನ್ನ ಕೋಡನ್ನು ಯಾರು ಯಾರು ಕರೆಯಬಲ್ಲರು? ಈಗ ಪ್ರೋಬ್ ಬರೆಯುವ ಮುನ್ನ ಒಂದು ಹಾಳೆಯ ಎಡಕ್ಕೆ ಪಡೆಯುವ ವಸ್ತುಗಳನ್ನು ಬರೆಯುತ್ತೇನೆ, ಬಲಕ್ಕೆ ಆ ಸಾಲಿನಿಂದ ಹೊಸದಾಗಿ ಕರೆಯಬಲ್ಲವರನ್ನು. ಬಲಬದಿ ಖಾಲಿ ಇರುವ ಸಾಲುಗಳೆಲ್ಲ ಮೇಲಕ್ಕೆ ಹೋಗುತ್ತವೆ. ಇಂಟರಪ್ಟ್, ಟೈಮರ್, ಆಮೇಲೆ ಮಾಡುವ ಕೆಲಸಗಳ ಸರದಿಯಾದ ವರ್ಕ್‌ಕ್ಯೂ, ಬಳಕೆದಾರರ ಪ್ರೋಗ್ರಾಮು, ಸಾಧನದ ವಿವರ ತೋರಿಸುವ ಸಿಸ್‌ಎಫ್‌ಎಸ್ ಕಡತ, ಹೀಗೆ ಬಲಬದಿಯಲ್ಲಿ ಹೆಸರಿರುವವು ಕೆಳಕ್ಕೆ.

ಹಾಗೆ ಜೋಡಿಸಿದರೆ ಪ್ರೋಬ್ ತಾನಾಗಿಯೇ ಒಂದು ರೂಪಕ್ಕೆ ಬರುತ್ತದೆ. ಮೊದಲು ಡ್ರೈವರಿನ ಖಾಸಗಿ ಸ್ಟ್ರಕ್ಚರ್ ಮತ್ತು ಅದರೊಳಗಿನ ಲಾಕ್, ಕಂಪ್ಲೀಶನ್, ವರ್ಕ್, ಟೈಮರುಗಳ ಇನಿಶಿಯಲೈಸೇಶನ್. ಈ ಇನಿಶಿಯಲೈಸೇಶನ್‌ಗೆ ಖರ್ಚಿಲ್ಲ, ಸೋಲುವುದೂ ಇಲ್ಲ, ಆದರೂ ಎಷ್ಟೋ ಮಂದಿ ಇಂಟರಪ್ಟ್ ಪಡೆದ ಮೇಲೆ ಲಾಕ್ ಸಿದ್ಧಪಡಿಸುತ್ತಾರೆ. ಆಮೇಲೆ ವಿದ್ಯುತ್, ಕ್ಲಾಕ್, ರಿಸೆಟ್. ಆಮೇಲೆ ರಿಜಿಸ್ಟರುಗಳ ಮ್ಯಾಪಿಂಗ್. ರಿಜಿಸ್ಟರ್ ಕೈಗೆ ಸಿಕ್ಕ ಕೂಡಲೇ ಸಾಧನದ ಎಲ್ಲ ಇಂಟರಪ್ಟುಗಳನ್ನೂ ಮಾಸ್ಕ್ ಮಾಡಿ (ತಡೆಹಿಡಿದು), ಬಾಕಿ ಉಳಿದ ಸೂಚನೆಗಳನ್ನು ಅಳಿಸಿ. ಸಾಧನ ನಿದ್ದೆಯಲ್ಲಿದೆ ಎಂದು ನಂಬಬೇಡಿ. ಬೂಟ್‌ಲೋಡರ್ ಅದನ್ನು ಬಳಸಿ ಹಾಗೆಯೇ ಬಿಟ್ಟಿರಬಹುದು. ಕೆಎಕ್ಸೆಕ್ ಮೂಲಕ, ಅಂದರೆ ಒಂದು ಕರ್ನೆಲ್‌ನಿಂದ ನೇರವಾಗಿ ಇನ್ನೊಂದಕ್ಕೆ ಹಾರಿ, ಬಂದಿದ್ದರೆ ಹಿಂದಿನ ಕರ್ನೆಲ್ ಅದನ್ನು ಓಡಿಸುತ್ತಿದ್ದಿರಬಹುದು. ಇದಾದ ಮೇಲೆ ಡಿಎಂಎ ಬಫರ್ (ಸಾಧನ ನೇರವಾಗಿ ಬಳಸುವ ಮೆಮೊರಿ), ಆಮೇಲೆ ಇಂಟರಪ್ಟ್ ಪಡೆಯುವ ರಿಕ್ವೆಸ್ಟ್_ಐಆರ್‌ಕ್ಯೂ. ಆ ಕರೆ ಹಿಂದಿರುಗುವುದರೊಳಗೇ ಹ್ಯಾಂಡ್ಲರ್ ಓಡಬಹುದು ಎಂದೇ ಎಣಿಸಿ ಬರೆಯಿರಿ. ಸಾಧನದ ಕಡೆಯಿಂದ ಇಂಟರಪ್ಟಿನ ಮಾಸ್ಕ್ ತೆಗೆಯುವುದು ಅದರ ನಂತರ. ಮಿಸ್ಕ್_ರಿಜಿಸ್ಟರ್‌ನಂಥ, ಹೊರಗಿನವರಿಗೆ ಬಾಗಿಲು ತೆರೆಯುವ ಸಾಲು ಕಟ್ಟಕಡೆಗೆ. ಅದರ ಕೆಳಗೆ ಇನ್ನೂ ನಾಲ್ಕು ಸಾಲು ಇದ್ದರೆ, ಆ ನಾಲ್ಕು ಸಾಲು ಮುಗಿಯುವ ಮುನ್ನವೇ ಯಾರೋ ಕಡತ ತೆರೆದಿರುತ್ತಾರೆ.

ನಡುವೆ ಸೋತರೆ ಗೋಟು, ಅಂದರೆ ಬಿಡುಗಡೆಯ ಲೇಬಲಿಗೆ ನೇರ ಹಾರಿಕೆ. ಬೇರೆಡೆ ಗೋಟುವನ್ನು ಬೈಯುವವರೂ ಕರ್ನೆಲ್‌ನಲ್ಲಿ ಅದನ್ನು ಒಪ್ಪುತ್ತಾರೆ. ಲೇಬಲಿಗೆ ಎರರ್1, ಎರರ್2 ಎಂದು ಹೆಸರಿಡಬೇಡಿ. ನಡುವೆ ಒಂದು ಸಾಲು ಸೇರಿದ ದಿನ ಸಂಖ್ಯೆಗಳೆಲ್ಲ ಸುಳ್ಳಾಗುತ್ತವೆ. ‘ಫ್ರೀ_ರಿಂಗ್’, ‘ಡಿಸೇಬಲ್_ಕ್ಲಾಕ್’ ಎಂದು ಆ ಲೇಬಲ್ ಮಾಡುವ ಕೆಲಸವನ್ನೇ ಹೆಸರಾಗಿಸಿ. ಆಗ ತಪ್ಪು ಲೇಬಲಿಗೆ ಹಾರಿದ್ದು ಓದುವಾಗಲೇ ಕಣ್ಣಿಗೆ ಚುಚ್ಚುತ್ತದೆ. ಪ್ರೋಬ್ ಸೋತಾಗ ರಿಮೂವ್ ಅನ್ನೇ ಕರೆದುಬಿಡುವ ಜಾಣತನವಂತೂ ಬೇಡವೇ ಬೇಡ. ಪಡೆಯದೇ ಇದ್ದದ್ದನ್ನೂ ಅದು ಬಿಡಲು ಹೋಗುತ್ತದೆ.

2007ರಲ್ಲಿ, 2.6.21ರ ಕರ್ನೆಲ್‌ನಿಂದ, ಡೆವ್‌ಎಂ ಬಂದ ಮೇಲೆ ಗೋಟು ಸಾಲುಗಳು ಬಹಳ ಕಡಿಮೆಯಾಗಿವೆ. ಪ್ರೋಬ್ ಸೋತರೂ ರಿಮೂವ್ ಮುಗಿದರೂ, ಪಡೆದವನ್ನು ಅದು ಹಿಮ್ಮುಖವಾಗಿ ತಾನೇ ಬಿಡುತ್ತದೆ. ನಾನು ಅದನ್ನು ಬಳಸುತ್ತೇನೆ, ಆದರೆ ಒಂದು ಕಟ್ಟಳೆಯೊಂದಿಗೆ: ಒಮ್ಮೆ ಕೈಯಾರೆ ಬಿಡಬೇಕಾದ ವಸ್ತು ಬಂದಿತೆಂದರೆ ಅದರ ಕೆಳಗಿನವೆಲ್ಲ ಕೈಯಾರೆಯೇ. ಡೆವ್‌ಎಂ ಮೇಲೆ, ಕೈಯಾರೆ ಕೆಳಗೆ. ನನ್ನ ಕಾರ್ಡಿನಲ್ಲಿ ಆಗಿದ್ದದ್ದು ಇದರ ತಲೆಕೆಳಗು. ಇನ್ನೂ ಒಳ್ಳೆಯ ದಾರಿ ಡೆವ್‌ಎಂ_ಆಡ್_ಆ್ಯಕ್ಷನ್_ಆರ್_ರಿಸೆಟ್. ನಿಮ್ಮದೇ ಬಿಡುಗಡೆ ಫಂಕ್ಷನನ್ನು ಅದಕ್ಕೆ ಒಪ್ಪಿಸಿದರೆ ಅದೂ ಸರದಿಯಲ್ಲಿ ಸೇರುತ್ತದೆ. ಒಪ್ಪಿಸುವುದೇ ಸೋತರೆ ಆ ಫಂಕ್ಷನ್ ಆಗಲೇ ಓಡಿ ಎಲ್ಲವನ್ನೂ ಬಿಟ್ಟುಬಿಡುತ್ತದೆ. ರಿಂಗ್ ಪಡೆದ ಮರುಸಾಲಿನಲ್ಲಿ, ಇಂಟರಪ್ಟ್ ಪಡೆಯುವ ಮುನ್ನ, ಈ ಒಂದು ಕರೆ ಸೇರಿಸಿ ರಿಮೂವ್‌ನಿಂದ ಕೆಫ್ರೀ ಅಳಿಸಿದೆ. ಅಷ್ಟೇ ದುರಸ್ತಿ. ಅದನ್ನು ಕಂಡುಹಿಡಿಯಲು ಹೋದದ್ದು ನಾಲ್ಕು ದಿನ.

ಇನ್ನು ರಿಮೂವ್. ಇಲ್ಲಿ ಕೆಲಸ ಮೂರು: ಹೊಸಬರು ಬರದಂತೆ ಬಾಗಿಲು ಹಾಕುವುದು, ಒಳಗಿರುವವರನ್ನು ಸುಮ್ಮನಾಗಿಸುವುದು, ಆಮೇಲೆ ಕೆಡವುವುದು. ಎಡವುವುದು ಎರಡನೆಯದರಲ್ಲಿ.

ಸಾಧನದಲ್ಲಿ ಇಂಟರಪ್ಟ್ ಮಾಸ್ಕ್ ಮಾಡಿ. ಪಿಸಿಐ ಆದರೆ ಅದೇ ರಿಜಿಸ್ಟರನ್ನು ಒಮ್ಮೆ ಓದಿ. ಬರೆದದ್ದು ದಾರಿಯಲ್ಲೇ ತಂಗಿರಬಹುದು, ಓದಿದರೆ ಅದು ಸಾಧನದವರೆಗೆ ತಲುಪಿದ್ದು ಖಚಿತವಾಗುತ್ತದೆ. ಬಳಿಕ ಫ್ರೀ_ಐಆರ್‌ಕ್ಯೂ. ಓಡುತ್ತಿರುವ ಹ್ಯಾಂಡ್ಲರ್ ಮುಗಿಯುವವರೆಗೆ ಅದು ಕಾಯುತ್ತದೆ, ಹಾಗಾಗಿ ಅದು ಹಿಂದಿರುಗಿದ ಮೇಲೆ ಆ ಕಡೆಯಿಂದ ಯಾರೂ ಬರುವುದಿಲ್ಲ. ಹ್ಯಾಂಡ್ಲರ್ ವರ್ಕನ್ನು ಸರದಿಗೆ ಹಾಕುವುದರಿಂದ, ವರ್ಕ್ ರದ್ದುಪಡಿಸುವುದು ಇದರ ನಂತರವೇ. ಮೊದಲೇ ರದ್ದುಪಡಿಸಿದರೆ ಹ್ಯಾಂಡ್ಲರ್ ಮತ್ತೊಂದನ್ನು ಹಾಕಿ ಹೋಗುತ್ತದೆ.

ಟೈಮರ್ ವರ್ಕನ್ನು ಎಬ್ಬಿಸಿ, ಆ ವರ್ಕ್ ಟೈಮರನ್ನು ಮತ್ತೆ ಹೂಡುವ ಡ್ರೈವರುಗಳು ಬಹಳ. ಇಲ್ಲಿ ಯಾವುದನ್ನು ಮೊದಲು ನಿಲ್ಲಿಸಿದರೂ ಇನ್ನೊಂದು ಅದನ್ನು ಬದುಕಿಸುತ್ತದೆ. ನಾವೆಲ್ಲ ‘ಮುಚ್ಚುತ್ತಿದ್ದೇನೆ’ ಎಂಬ ಒಂದು ಫ್ಲ್ಯಾಗ್ ಇಟ್ಟು, ಎಲ್ಲೆಡೆ ಅದನ್ನು ಪರೀಕ್ಷಿಸಿ, ಒಂದು ಕಡೆ ಮರೆಯುತ್ತಿದ್ದೆವು. 6.2ರ ಕರ್ನೆಲ್‌ನಲ್ಲಿ ಟೈಮರ್_ಶಟ್‌ಡೌನ್_ಸಿಂಕ್ ಬಂತು. ಅದನ್ನು ಕರೆದ ಮೇಲೆ ಟೈಮರನ್ನು ಯಾರು ಹೂಡಲು ಹೋದರೂ ಕರ್ನೆಲ್ ಸದ್ದಿಲ್ಲದೆ ನಿರ್ಲಕ್ಷಿಸುತ್ತದೆ. ಮೊದಲು ಅದು, ಆಮೇಲೆ ಕ್ಯಾನ್ಸೆಲ್_ವರ್ಕ್_ಸಿಂಕ್. ವರ್ಕ್ ಹಿಡಿಯುವ ಮ್ಯೂಟೆಕ್ಸನ್ನು (ಒಂದು ಬಗೆಯ ಲಾಕ್) ನೀವೇ ಹಿಡಿದುಕೊಂಡು ಈ ಎರಡನೆಯದನ್ನು ಕರೆದರೆ ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತ ನಿಲ್ಲುತ್ತೀರಿ. ಲಾಕ್‌ಡೆಪ್ ಎಂಬ ಲಾಕ್ ತಪಾಸಣೆ ಚಾಲೂ ಇದ್ದರೆ ಮೊದಲೇ ಗದರಿಸುತ್ತದೆ.

ಡಿಎಂಎ ಬಫರ್ ಬಿಡುವ ಮುನ್ನ ಸಾಧನದ ಎಂಜಿನ್ ನಿಜವಾಗಿ ನಿಂತಿದೆಯೇ ನೋಡಿ, ಪಿಸಿಐನಲ್ಲಿ ಬಸ್ ಮಾಸ್ಟರ್ ಹಕ್ಕನ್ನೂ (ತಾನಾಗಿ ಮೆಮೊರಿ ಮುಟ್ಟುವ ಹಕ್ಕು) ಕಿತ್ತುಕೊಳ್ಳಿ. ಇಲ್ಲಿನ ತಪ್ಪು ಎಲ್ಲಕ್ಕಿಂತ ಕೆಟ್ಟದ್ದು. ಆ ಪುಟ ಬೇರೆಯವರ ಪಾಲಾದ ಮೇಲೂ ಸಾಧನ ಅದರ ಮೇಲೆ ಬರೆಯುತ್ತಿದ್ದರೆ, ಕುಸಿಯುವುದು ಅಮಾಯಕವಾದ ಇನ್ಯಾವುದೋ ಕೋಡು. ಲಾಗ್‌ನಲ್ಲಿ ನಿಮ್ಮ ಡ್ರೈವರಿನ ಹೆಸರೇ ಇರುವುದಿಲ್ಲ. ನಿಂತಿತೇ ಎಂದು ಕಾಯುವ ಲೂಪಿಗೆ ಸಮಯದ ಮಿತಿ ಹಾಕಿ. ಕಾರ್ಡನ್ನೇ ಯಾರೋ ಕಿತ್ತಿದ್ದರೆ ಪಿಸಿಐ ಓದಿನಲ್ಲಿ ಎಲ್ಲ ಬಿಟ್ಟುಗಳೂ 1 ಆಗಿ ಬರುತ್ತವೆ, ‘ಕಾರ್ಯನಿರತ’ ಬಿಟ್ ಎಂದಿಗೂ ಸೊನ್ನೆಯಾಗುವುದಿಲ್ಲ.

ಬಾಗಿಲು ಹಾಕುವುದರಲ್ಲೂ ಒಂದು ಹೊಂಚಿದೆ. ಡಿರಿಜಿಸ್ಟರ್ ಮಾಡಿದರೆ ಹೊಸದಾಗಿ ತೆರೆಯುವವರು ನಿಲ್ಲುತ್ತಾರೆ, ಆಗಲೇ ಕಡತ ತೆರೆದು ಕೂತವರು ಹಾಗೆಯೇ ಇರುತ್ತಾರೆ. ಮಾಡ್ಯೂಲಿನ ಬಳಕೆಯ ಎಣಿಕೆ ರಕ್ಷಿಸುತ್ತದೆ ಎನ್ನುವವರಿಗೆ: ಅದು ಮಾಡ್ಯೂಲ್ ಇಳಿಸುವುದನ್ನು ಮಾತ್ರ ತಡೆಯುತ್ತದೆ, ಅನ್‌ಬೈಂಡ್ ಮಾಡುವುದನ್ನೂ (ಡ್ರೈವರನ್ನು ಸಾಧನದಿಂದ ಬೇರ್ಪಡಿಸುವುದು) ಸಾಧನ ಕೀಳುವುದನ್ನೂ ತಡೆಯುವುದಿಲ್ಲ. ಆದ್ದರಿಂದ ಕಡತ ತೆರೆಯಬಹುದಾದ ಡ್ರೈವರಿನ ಖಾಸಗಿ ಸ್ಟ್ರಕ್ಚರನ್ನು ಡೆವ್‌ಎಂನಿಂದ ಪಡೆಯಬೇಡಿ. ಕೆರೆಫ್ (ಬಳಸುತ್ತಿರುವವರ ಎಣಿಕೆ) ಇಟ್ಟು, ಕೊನೆಯವರು ಮುಚ್ಚಿದಾಗ ಬಿಡಿ. ರಿಮೂವ್‌ನಲ್ಲಿ ಲಾಕ್ ಹಿಡಿದು ‘ಸಾಧನ ಹೋಗಿದೆ’ ಎಂದು ಗುರುತು ಹಾಕಿ. ಓದುವ, ಬರೆಯುವ ಪ್ರತಿ ಫಂಕ್ಷನ್ ಅದೇ ಲಾಕ್ ಅಡಿಯಲ್ಲಿ ಆ ಗುರುತು ನೋಡಿ ಇ‌ನೋಡೆವ್ (‘ಸಾಧನವಿಲ್ಲ’) ದೋಷ ಹಿಂದಿರುಗಿಸಲಿ.

ಬರೆದಾದ ಮೇಲೆ ಹಿಂಸಿಸಿ. ಕಾನ್‌ಫಿಗ್_ಡೀಬಗ್_ಟೆಸ್ಟ್_ಡ್ರೈವರ್_ರಿಮೂವ್ ಹಾಕಿದರೆ ಕರ್ನೆಲ್ ಪ್ರತಿ ಸಾಧನಕ್ಕೂ ಪ್ರೋಬ್, ರಿಮೂವ್, ಮತ್ತೆ ಪ್ರೋಬ್ ಮಾಡುತ್ತದೆ. ಕಾನ್‌ಫಿಗ್_ಡೀಬಗ್_ಎಸ್‌ಎಚ್‌ಐಆರ್‌ಕ್ಯೂ ಇದ್ದರೆ, ಹಂಚಿಕೆಯ ಇಂಟರಪ್ಟನ್ನು ಬಿಡುವಾಗ ಹ್ಯಾಂಡ್ಲರನ್ನು ಬೇಕೆಂದೇ ಇನ್ನೊಮ್ಮೆ ಕರೆಯುತ್ತದೆ. ನಾನು ಇದನ್ನು ಮೊದಲೇ ಹಾಕಿದ್ದಿದ್ದರೆ ಆ ನಾಲ್ಕು ದಿನ ಉಳಿಯುತ್ತಿದ್ದವು. ಜೊತೆಗೆ ಮೆಮೊರಿಯ ತಪ್ಪು ಬಳಕೆ ಹಿಡಿಯುವ ಕೇಸ್ಯಾನ್. ಆಮೇಲೆ ಪ್ರೋಬ್‌ನ ಸೋಲಬಲ್ಲ ಪ್ರತಿ ಕರೆಯ ಜಾಗದಲ್ಲಿ, ಒಂದೊಂದಾಗಿ, ದೋಷ ಬಂದಂತೆ ನಟಿಸಿ ಓಡಿಸಿ. ಬೇಸರದ ಕೆಲಸ, ಆದರೆ ಹತ್ತು ಗೋಟು ಇದ್ದರೆ ಹತ್ತೇ ಬಾರಿ. ಬೇಕಾದ ಕ್ಲಾಕ್ ಇನ್ನೂ ಸಿದ್ಧವಿಲ್ಲದಿದ್ದರೆ ಪ್ರೋಬ್ -517 ಹಿಂದಿರುಗಿಸಿ, ಮುಂದೆ ಮತ್ತೆ ಕರೆಸಿಕೊಳ್ಳುತ್ತದೆ. ಹಾಗಾಗಿ ಈ ಸೋಲಿನ ದಾರಿಗಳು ಬಳಕೆದಾರರ ಯಂತ್ರದಲ್ಲಿ ಪ್ರತಿ ಬೂಟಿನಲ್ಲೂ ಓಡಬಹುದು.

ಕೊನೆಗೆ, ಒಂದು ಟರ್ಮಿನಲ್‌ನಲ್ಲಿ ಕಡತವನ್ನು ಎಡೆಬಿಡದೆ ಓದುವ ಪ್ರೋಗ್ರಾಮು, ಇನ್ನೊಂದರಲ್ಲಿ ಅನ್‌ಬೈಂಡ್ ಮತ್ತು ಬೈಂಡ್ ಲೂಪು. ನಾನು 500 ಸುತ್ತು ಓಡಿಸುತ್ತೇನೆ. ಮುಗಿದ ಮೇಲೆ, ಬಿಡದೆ ಉಳಿದ ಮೆಮೊರಿ ಹುಡುಕುವ ಕೆಮೆಮ್‌ಲೀಕ್‌ಗೆ ಎರಡು ಬಾರಿ ಸ್ಕ್ಯಾನ್ ಹೇಳಿ, ಅದರ ಪಟ್ಟಿಯಲ್ಲಿ ನನ್ನ ಪ್ರೋಬ್ ಫಂಕ್ಷನಿನ ಹೆಸರಿದೆಯೇ ಎಂದು ಹುಡುಕುತ್ತೇನೆ.